ಕಾವೇರಿಯನ್ನು ಯಾರೂ ಕೇಳಲಿಲ್ಲ

ತ್ರಿವೇಣಿಯವರ ‘ಶರಪಂಜರ’ದ ಬಗ್ಗೆ ಹೇಳುವುದಕ್ಕೆ ಈಗ ಏನು ಉಳಿದಿದೆ ಎಂದು ನಿಮಗೆ ಅನ್ನಿಸಬಹುದು. ಕಾದಂಬರಿ ಬಂದು ಅರ್ಧ ಶತಮಾನ ದಾಟಿತು. ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ಸಿನಿಮಾ ಮಾಡಿದ ಮೇಲಂತೂ ಕಾವೇರಿ ಅಂದರೆ ಕಲ್ಪನಾ, ಕಲ್ಪನಾ ಅಂದರೆ ಕಾವೇರಿ ಅನ್ನುವಷ್ಟು ಆ ಮುಖ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಬಸವಕಲ್ಯಾಣ, ಹುಮನಾಬಾದಿನ ಕೆಲವು ಪರಿಚಯದವರು ಈಚೆಗೆ ಈ ಪುಸ್ತಕ ಓದಿ ಆಡಿದ ಮಾತುಗಳನ್ನು ಕೇಳಿದ ಮೇಲೆ ನನಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಕಷ್ಟಪಟ್ಟ ಒಬ್ಬ ಹೆಂಗಸಿನ ಕಥೆ ಓದಿ ನಾವು ಒಂದು ಅಭಿಪ್ರಾಯ ಹೇಳುತ್ತೇವಲ್ಲ, ಅದು ಬರೀ ಪುಸ್ತಕದ ಬಗ್ಗೆ ಆಡಿದ ಮಾತೇ? ಅಥವಾ ನಾಳೆ ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳಲಿರುವ ಮಾತಿಗೆ ಇವತ್ತೇ ಮಾಡಿಕೊಳ್ಳುತ್ತಿರುವ ತಾಲೀಮೇ?

ಓದದವರಿಗಾಗಿ ಕಥೆ ಎರಡು ಮಾತಿನಲ್ಲಿ. ಕಾವೇರಿ, ಸತೀಶ ಮೆಚ್ಚಿ ಮದುವೆಯಾದವರು. ಸುಖದ ಸಂಸಾರ. ಎರಡನೇ ಹೆರಿಗೆಯ ಹೊತ್ತಿಗೆ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಚಿಕಿತ್ಸೆಯಾಗುತ್ತದೆ, ಗುಣವಾಗುತ್ತದೆ. ಗುಣವಾಗಿ ಮನೆಗೆ ಬಂದ ಮೇಲೆ ನಿಜವಾದ ಕಥೆ ಶುರು. ಡಾಕ್ಟರು ಹುಷಾರಾದಳು ಎಂದರೂ ಮನೆಯವರ, ನೆರೆಯವರ ಕಣ್ಣಿಗೆ ಅವಳು ‘ಹುಚ್ಚಾಸ್ಪತ್ರೆಯಿಂದ ಬಂದವಳು’. ಗಂಡನಿಗೆ ಅಷ್ಟರಲ್ಲಿ ಇನ್ನೊಬ್ಬಳ ಸಂಬಂಧ. ಕೊನೆಗೆ ಅವಳು ಮತ್ತೆ ಅದೇ ಆಸ್ಪತ್ರೆಗೆ ಹೋಗುತ್ತಾಳೆ.

ಇನ್ನು ಓದುಗರ ಮಾತಿಗೆ ಬರೋಣ. ಬಸವಕಲ್ಯಾಣದ ಒಬ್ಬರು ನಿವೃತ್ತ ಮೇಷ್ಟ್ರು, ಸಿನಿಮಾನೂ ನೋಡಿದವರು, ಮೊದಲು ಹಿಡಿದದ್ದು ಕಾವೇರಿಗೆ ಮದುವೆಗೆ ಮುಂಚೆ ಆದ ವಂಚನೆಯನ್ನು. “ಮೊದ್ಲೇ ಹೇಳ್ಬೇಕಿತ್ರೀ ಅಕಿ. ಮುಚ್ಚಿಟ್ಟಿದ್ದೇ ಎಲ್ಲಾಕ್ಕೂ ಮೂಲ” ಎಂದರು. ಹುಮನಾಬಾದಿನ ಕಿರಾಣಿ ಅಂಗಡಿಯವರು ಗಂಡನ ಪರ ನಿಂತರು. “ಅವನ ಕಡಿಂದನೂ ಜರಾ ನೋಡ್ರಿ. ಮನ್ಯಾಗ ಸಣ್ಣ ಮಕ್ಕಳು, ಹೆಂಡತಿ ದವಾಖಾನಿದಾಗ. ಗಂಡಸು ಅಂದ್ರ ಕಲ್ಲೇನ್ರಿ?” ಡಿಗ್ರಿ ಓದುವ ಹುಡುಗಿಯೊಬ್ಬಳಿಗೆ ಕಾವೇರಿಯ ಮೇಲೇ ಸಿಟ್ಟು: “ಅಂಥಾ ಮನಿ ಬಿಟ್ಟು ಯಾಕ ಹೋಗಲಿಲ್ಲ ಅಕಿ?” ಮೂರ್ನಾಲ್ಕು ಮಂದಿ “ಪಾಪ, ಹಣೆಬರಹ” ಎಂದು ಪುಸ್ತಕ ಮುಚ್ಚಿದರು. ಬಟ್ಟೆ ಹೊಲಿಯುವ ಕೆಲಸ ಮಾಡುವ ಒಬ್ಬ ಹೆಂಗಸು ಮಾತ್ರ ಬೇರೆಯೇ ಮಾತು ಹೇಳಿದರು: “ಸಾರಿಗಿ ಉಪ್ಪು ಹೆಚ್ಚಾದ್ರ ನಮಗ ಮರೆವು ಅಂತಾರ. ಅಕಿಗಿ ರೋಗ ಅಂತಾರ. ಇಷ್ಟೇ ಅದ ನೋಡ್ರಿ ಈ ಪುಸ್ತಕದಾಗ.”

ವಿಮರ್ಶಕರು ಪುಟಗಟ್ಟಲೆ ಬರೆದು ಹೇಳುವುದನ್ನು ಆ ತಾಯಿ ಒಂದು ಚಿಟಿಕೆ ಉಪ್ಪಿನಲ್ಲಿ ಹೇಳಿಬಿಟ್ಟರು ಅನ್ನಿಸಿತು.

ಉಳಿದವರ ಮಾತುಗಳನ್ನು ಸ್ವಲ್ಪ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಸಂಪ್ರದಾಯಸ್ಥರು, ಒಬ್ಬರು ವ್ಯವಹಾರಸ್ಥರು, ಒಬ್ಬಳು ಹೊಸ ಕಾಲದ ಹುಡುಗಿ. ಮೂವರ ಮಾತಿಗೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ಆದರೆ ಮೂವರೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಕಾವೇರಿ ಎಲ್ಲಿ ತಪ್ಪಿದಳು? ಹೇಳದೆ ಇದ್ದದ್ದು ತಪ್ಪು, ಗಂಡನನ್ನು ಅರ್ಥ ಮಾಡಿಕೊಳ್ಳದ್ದು ತಪ್ಪು, ಬಿಟ್ಟು ಹೋಗದ್ದು ತಪ್ಪು. ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇಡೀ ಕಾದಂಬರಿಯಲ್ಲಿ ಅದು ಒಬ್ಬಳ ಮುಂದೆ ಮಾತ್ರ ನಿಲ್ಲುತ್ತದೆ. ಅವಳಿಗೆ ವಂಚನೆ ಮಾಡಿದವನ ಹೆಸರನ್ನೂ ಯಾವ ಓದುಗರೂ ಎತ್ತಲಿಲ್ಲ. ಜಾಣ ಹುಡುಗಿಯೂ “ಆ ಮನಿ ಮಂದಿ ಯಾಕ ಹಂಗ ಮಾಡಿದ್ರು?” ಅಂತ ಕೇಳಲಿಲ್ಲ.

ಹಾಗಂತ ಪಾತ್ರಗಳನ್ನು ತೂಗಿ ನೋಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ತೂಗದೆ ಓದುವುದಾದರೂ ಹೇಗೆ? ಕಾದಂಬರಿಗಳು ಇರುವುದೇ ನಾವು ಮೂಗು ತೂರಿಸಲಿ ಎಂದು. ಆದರೆ ‘ಶರಪಂಜರ’ಕ್ಕೆ ಒಂದು ವಿಶೇಷವಿದೆ. ಅದು ಒಬ್ಬ ಹೆಂಗಸನ್ನು ಸುತ್ತಲಿನವರು ಹೇಗೆ ‘ಓದುತ್ತಾರೆ’ ಎಂಬುದರ ಬಗ್ಗೆಯೇ ಬರೆದ ಕಾದಂಬರಿ. ನಕ್ಕರೆ ಒಂದು ಅರ್ಥ, ಅತ್ತರೆ ಒಂದು ಅರ್ಥ, ಸುಮ್ಮನೆ ಕೂತರೆ ಮತ್ತೊಂದು. ಮನೆಯವರೂ ನೆರೆಯವರೂ ಕಾವೇರಿಯ ಓದುಗರು. ನಾವು ಹೊರಗೆ ಕೂತು ಓದುತ್ತಿದ್ದೇವೆ ಎಂದುಕೊಂಡರೂ ಅದೇ ಸಾಲಿನ ಕೊನೆಯಲ್ಲಿ ನಿಂತಿರುತ್ತೇವೆ. ಗುಣವಾಗಿದ್ದಾಳೆ ಎಂದು ಲೇಖಕಿಯೇ ಹೇಳಿದ ಮೇಲೂ, ಮುಂದಿನ ಪುಟದಲ್ಲಿ ಅವಳ ದನಿ ಏರಿದ ಕೂಡಲೇ ‘ಮತ್ತೆ ಶುರುವಾಯಿತೇನೋ’ ಎಂದು ಎದೆ ಝಲ್ಲೆನ್ನದ ಓದುಗರು ಎಷ್ಟು ಜನ? ಗಂಡ ಮೋಸ ಮಾಡುತ್ತಿದ್ದಾನೆ ಎಂದು ಗೊತ್ತಾದ ಹೆಂಡತಿಗೆ ಸಿಟ್ಟು ಬರುವುದು ಆರೋಗ್ಯದ ಲಕ್ಷಣ. ಬೇರೆ ಯಾವ ಹೆಂಗಸಿಗೂ ಇರುವ ಆ ಹಕ್ಕು ಕಾವೇರಿಗೆ ಮಾತ್ರ ಇಲ್ಲ. ಅವಳ ಸಿಟ್ಟಿಗೆ ಕಾರಣ ಹುಡುಕುವವರಿಲ್ಲ. ಏಕೆಂದರೆ ಕಾರಣ ಆಗಲೇ ಆಸ್ಪತ್ರೆಯ ಚೀಟಿಯಲ್ಲಿ ಬರೆದಾಗಿದೆ.

“ಅದು ಮೈಸೂರಿನ ದೊಡ್ಡ ಮನಿ ಮಂದಿ ಕಥಿ” ಎಂದವರೂ ಒಬ್ಬರಿದ್ದರು. ಒಂದು ಅರ್ಥದಲ್ಲಿ ನಿಜ. ತ್ರಿವೇಣಿ, ಅಂದರೆ ಅನಸೂಯಾ ಶಂಕರ್, ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಬೀದರ್ ಜಿಲ್ಲೆ ಆಗಿನ್ನೂ ಹೈದರಾಬಾದ್ ಸಂಸ್ಥಾನದಿಂದ ಬಿಡಿಸಿಕೊಂಡು, 1956ರಲ್ಲಿ ಕನ್ನಡ ನಾಡಿಗೆ ಸೇರಿ, ಕಾಲೂರುತ್ತಿದ್ದ ಹೊತ್ತು. ಆದರೆ ಕಾವೇರಿಯ ಕಾಯಿಲೆಗೆ ಮೈಸೂರು, ಬೀದರ್ ಎಂಬ ಭೇದವಿಲ್ಲ. ನಮ್ಮ ಹಿರಿಯರು ಇದನ್ನು ‘ಬಾಣಂತಿ ಸನ್ನಿ’ ಎನ್ನುತ್ತಿದ್ದರು. ವೈದ್ಯರ ಲೆಕ್ಕದಲ್ಲಿ 1000 ಹೆರಿಗೆಗೆ ಒಂದೆರಡು ತಾಯಂದಿರಿಗೆ ಇಂಥ ತೀವ್ರ ಕಾಯಿಲೆ ಬರುತ್ತದೆ. ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರಗಳೊಳಗೇ ಶುರು. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಅಂದರೆ ಇದು ವಾಸಿಯಾಗುವ ಕಾಯಿಲೆ. ತ್ರಿವೇಣಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಕಾವೇರಿಯನ್ನು ಮೊದಲು ಗುಣ ಮಾಡಿ, ಆಮೇಲೆ ಮನೆಗೆ ಕಳಿಸಿದರು. ಬಾಣಂತಿಯ ಜೀವ ಎಷ್ಟು ತೆಳುವಾದ ದಾರದ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿಯಾಯಿತು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 34 ವರ್ಷ.

‘ಪಾಪ’ ಎಂದವರ ವಿಷಯಕ್ಕೆ ಬರುತ್ತೇನೆ. ಅವರು ಒಳ್ಳೆಯವರು, ಕಣ್ಣಲ್ಲಿ ನೀರು ತಂದುಕೊಂಡವರು. ಆದರೆ ಕಾದಂಬರಿಯಲ್ಲೂ ಕಾವೇರಿಯನ್ನು ನೋಡಿ ಮರುಗಿದವರಿಗೇನು ಕಡಿಮೆಯಿಲ್ಲ. ಮರುಕದ ತೊಂದರೆ ಇಷ್ಟೇ: ಯಾರನ್ನು ನೋಡಿ ಮರುಗುತ್ತೇವೋ ಅವರ ಮಾತು ನಂಬುವ ಅಗತ್ಯ ನಮಗೆ ಬೀಳುವುದಿಲ್ಲ. “ನಾನು ಚೆನ್ನಾಗಿದ್ದೇನೆ” ಎಂದು ಅವಳು ಹೇಳಿದರೆ “ಹೌದಮ್ಮ, ಹೌದು” ಎಂದು ತಲೆ ಸವರಿ, ಆಚೆ ಹೋಗಿ ಗಂಡನನ್ನು ಕೇಳುತ್ತೇವೆ. ಕಾವೇರಿಗೆ ಬೇಕಾಗಿದ್ದದ್ದು ನಂಬಿಕೆ. ಸಿಕ್ಕಿದ್ದು ಹಾಲು, ಹಣ್ಣು, ಅನುಕಂಪ.

ಇಲ್ಲಿ ಬಸವಕಲ್ಯಾಣದ ಓದುಗರಿಗೆ ಅವರದೇ ಊರಿನ ಒಂದು ಕಥೆ ನೆನಪಿಸಬೇಕು ಅನ್ನಿಸುತ್ತದೆ. 12ನೇ ಶತಮಾನದಲ್ಲಿ ಉಡುತಡಿಯಿಂದ ಗಂಡನನ್ನು, ಮನೆಯನ್ನು, ಉಟ್ಟ ಬಟ್ಟೆಯನ್ನೂ ಬಿಟ್ಟು ಒಬ್ಬ ಹೆಣ್ಣುಮಗಳು ಕಲ್ಯಾಣಕ್ಕೆ ಬಂದಳು. ಲೋಕದ ಕಣ್ಣಿಗೆ ಅವಳೂ ಹುಚ್ಚಿಯೇ ಆಗಿದ್ದಿರಬೇಕು. ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಪರೀಕ್ಷಿಸಿದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ಅದು ಎರಡು ಮೂರು ಶತಮಾನದ ನಂತರ ಕಟ್ಟಿದ ಗ್ರಂಥ, ಇತಿಹಾಸ ಎಷ್ಟು ಕಲ್ಪನೆ ಎಷ್ಟು ಎಂಬ ಚರ್ಚೆ ಇದ್ದೇ ಇದೆ. ಆದರೂ ಆ ಪ್ರಸಂಗದ ನಡೆ ನೋಡಿ. ಅಲ್ಲಮ ಕೇಳುವ ಪ್ರಶ್ನೆಗಳು ಮೆತ್ತಗಿಲ್ಲ. ಇಷ್ಟು ಚಿಕ್ಕ ಪ್ರಾಯದವಳು ಇಲ್ಲಿಗೇಕೆ ಬಂದೆ, ನಿನ್ನ ಗಂಡ ಯಾರು, ಎಲ್ಲಾ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬಂಥ, ಇವತ್ತಿಗೂ ಮುಜುಗರ ತರುವ ಪ್ರಶ್ನೆಗಳು. ಆದರೆ ಎಲ್ಲವನ್ನೂ ಅವಳ ಎದುರಿಗೇ ನಿಂತು, ಅವಳನ್ನೇ ಕೇಳುತ್ತಾನೆ. ಅವಳು ಉತ್ತರ ಕೊಡುತ್ತಾಳೆ. ಉತ್ತರ ಕೇಳಿದ ಮೇಲೆ ಅವನ ಮಾತು ಬದಲಾಗುತ್ತದೆ, ಇಡೀ ಮಂಟಪ ಅವಳಿಗೆ ಕೈ ಮುಗಿಯುತ್ತದೆ.

ಪ್ರಶ್ನೆಗೂ ಅನುಮಾನಕ್ಕೂ ಇರುವ ವ್ಯತ್ಯಾಸ ನನಗೆ ಇಲ್ಲಿ ಕಾಣುತ್ತದೆ. ಪ್ರಶ್ನೆ ಕಟುವಾಗಿದ್ದರೂ ಉತ್ತರಕ್ಕೆ ಕಾಯುತ್ತದೆ, ಉತ್ತರ ಸಿಕ್ಕರೆ ಮಣಿಯುತ್ತದೆ. ಅನುಮಾನ ಎಷ್ಟು ನಯವಾಗಿದ್ದರೂ ಕಾಯುವುದಿಲ್ಲ. ಅದರ ಹತ್ತಿರ ಉತ್ತರ ಮೊದಲೇ ಸಿದ್ಧವಿರುತ್ತದೆ. ಅಕ್ಕನನ್ನು ಕೇಳಿದರು. ಕಾವೇರಿಯನ್ನು ಯಾರೂ ಕೇಳಲಿಲ್ಲ, ಅವಳ ಬಗ್ಗೆ ಪರಸ್ಪರ ಮಾತಾಡಿಕೊಂಡರು ಅಷ್ಟೆ.

ಕಿರಾಣಿ ಅಂಗಡಿಯವರ ಮಾತನ್ನು ಹಾಗೇ ತಳ್ಳಿಹಾಕಲಾಗದು. ಇಂಥ ಕಾಯಿಲೆ ಕಂಡ ಮನೆಯವರ ಭಯ ಸುಳ್ಳಲ್ಲ. ಒಮ್ಮೆ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಹೆಚ್ಚು ಎಂದು ವೈದ್ಯರೂ ಹೇಳುತ್ತಾರೆ. ಎಳೆಮಗು ಇರುವ ಮನೆಯಲ್ಲಿ ಎಚ್ಚರ ಬೇಡವೇ? ಬೇಕು. ಆದರೆ ಎಚ್ಚರದಲ್ಲಿ ಅವಳೂ ಪಾಲುದಾರಳು. ರಾತ್ರಿ ನಿದ್ದೆ ಬಂತಾ, ಗುಳಿಗೆ ತಗೊಂಡೆಯಾ, ಏನಾದರೂ ಬೇರೆ ಅನ್ನಿಸಿದರೆ ನನಗೆ ಹೇಳು ಎಂದು ಅವಳ ಜೊತೆ ಕೂತು ಆಡುವ ಮಾತು ಎಚ್ಚರ. ಚಾಕು ಬಚ್ಚಿಟ್ಟು, ಮಗುವನ್ನು ಸುಮ್ಮನೆ ಎತ್ತಿಕೊಂಡು ಹೋಗಿ, ಅಡುಗೆಮನೆ ಬಾಗಿಲ ಹಿಂದೆ ಪಿಸುಗುಟ್ಟುವುದು ಅನುಮಾನ. ಎರಡಕ್ಕೂ ಭಯವೇ ತಾಯಿ. ಆದರೆ ಒಂದರಲ್ಲಿ ಅವಳು ಮನೆಯವಳಾಗಿ ಉಳಿಯುತ್ತಾಳೆ, ಇನ್ನೊಂದರಲ್ಲಿ ಕಾವಲಿನಲ್ಲಿರುವವಳಾಗುತ್ತಾಳೆ. ಸತೀಶನ ಕಷ್ಟಕ್ಕೆ ನಾನು ಮರುಗಬಲ್ಲೆ. ಆದರೆ ಆ ಕಷ್ಟ ಅವನು ಮಾಡಿದ ಮೋಸಕ್ಕೆ ಪರವಾನಗಿ ಆಗುವುದಿಲ್ಲ. ಅವನ ಕಷ್ಟವನ್ನು ಇಷ್ಟು ಸಲೀಸಾಗಿ ಅರ್ಥ ಮಾಡಿಕೊಳ್ಳುವ ನಮಗೆ ಅವಳ ಸಿಟ್ಟು ಯಾಕೆ ಅರ್ಥವಾಗುವುದಿಲ್ಲ ಎನ್ನುವುದನ್ನೂ ಕೇಳಿಕೊಳ್ಳಬೇಕು.

ಎಲ್ಲಕ್ಕಿಂತ ಗಟ್ಟಿ ವಾದ ಇನ್ನೊಂದಿದೆ: “ಕೊನಿಗಿ ಹುಚ್ಚಿನೇ ಆದಳಲ್ರೀ, ಮಂದಿ ಅಂದಿದ್ದೇ ಖರೇ ಆತು.” ಮನೆಗೆ ಬೆಂಕಿ ಇಟ್ಟು, ಸುಟ್ಟ ಮೇಲೆ ‘ಇದು ಸುಡುವ ಮನೆ ಅಂತ ನಾನು ಮೊದಲೇ ಹೇಳಿದ್ದೆ’ ಎಂದ ಹಾಗಾಯಿತು ಇದು. ಪುಸ್ತಕದ ಹೆಸರಿನಲ್ಲೇ ಉತ್ತರವಿದೆ. ಬಾಣಗಳಿಂದ ಕಟ್ಟಿದ ಪಂಜರ. ಒಂದೊಂದು ಬಾಣವೂ ಒಂದೊಂದು ಕೈಯಿಂದ ಬಂದದ್ದು. ಪಂಜರ ಕಟ್ಟಿದವರು ಯಾರು ಎಂದರೆ ಎಲ್ಲರೂ “ನಾನು ಒಂದೇ ಒಂದು ಬಿಟ್ಟಿದ್ದು” ಎನ್ನುತ್ತಾರೆ, ಅದು ನಿಜವೂ ಹೌದು. ಓದುಗರ ಅಭಿಪ್ರಾಯಕ್ಕೂ ಜವಾಬ್ದಾರಿ ಇದೆ ಎಂದು ನಾನು ಹೇಳುವುದು ಇದಕ್ಕೇ. ಕಾಗದದ ಮೇಲಿನ ಕಾವೇರಿಗೆ ನಮ್ಮ ಮಾತು ನೋಯಿಸುವುದಿಲ್ಲ. ಆದರೆ ನಾವು ಚಹಾ ಕುಡಿಯುತ್ತ “ಅಕಿ ಮೊದ್ಲೇ ಹೇಳ್ಬೇಕಿತ್ತು” ಎನ್ನುವಾಗ ಪಕ್ಕದಲ್ಲಿ ಯಾರು ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ನಮಗೆ ಗೊತ್ತಿರುವುದಿಲ್ಲ. ಹೇಳಬೇಕೋ ಬೇಡವೋ ಎಂದು ಒದ್ದಾಡುತ್ತಿರುವ ಒಬ್ಬಳು ಅಲ್ಲೇ ಇರಬಹುದು. ನಮ್ಮ ಮಾತು ಕೇಳಿದ ಮೇಲೆ ಅವಳು ಖಂಡಿತ ಹೇಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ಹಿಂದೆ ಯಾವಾಗಲೋ ಆಸ್ಪತ್ರೆಯಲ್ಲಿದ್ದರು, ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣಕ್ಕೆ ಇವತ್ತು ಒಬ್ಬರನ್ನು ಮಾನಸಿಕ ರೋಗಿ ಎಂದು ತೀರ್ಮಾನಿಸುವಂತಿಲ್ಲ ಎಂಬುದು ಅದರ ಸಾರ. ತ್ರಿವೇಣಿ ಕಾದಂಬರಿ ಬರೆದು ಕೇಳಿದ್ದೂ ಇದನ್ನೇ. ಆದರೆ ಕಾಯ್ದೆ ಡಾಕ್ಟರನ್ನು, ಕೋರ್ಟನ್ನು ಕಟ್ಟಿಹಾಕಬಹುದು. ನಮ್ಮ ಕಟ್ಟೆಯ ಮೇಲಿನ ಹರಟೆಯನ್ನು ಯಾವ ಸೆಕ್ಷನ್ ಕಟ್ಟಿಹಾಕೀತು?

ಅದು ನಾವೇ ಮಾಡಬೇಕಾದ ಕೆಲಸ, ದೊಡ್ಡ ಕೆಲಸವೂ ಅಲ್ಲ. ಕಾಮಣಿ ಆಗಿ ದವಾಖಾನಿಯಿಂದ ಬಂದವರನ್ನು ನಾವು ಹೇಗೆ ಮಾತಾಡಿಸುತ್ತೇವೆ? ನೇರ ಹೋಗಿ, ಹತ್ತಿರ ಕೂತು, “ಈಗ ಹ್ಯಾಂಗ ಅದ ಮೈಗಿ?” ಎಂದು ಅವರನ್ನೇ ಕೇಳುತ್ತೇವೆ. ಅವರು “ಆರಾಮ ಅದ” ಎಂದರೆ ನಂಬುತ್ತೇವೆ, ಮುಂದೆ ಮಳೆ ಬೆಳೆ ಮಾತಾಡುತ್ತೇವೆ. ಮನಸ್ಸಿನ ಕಾಯಿಲೆ ದಾಟಿ ಬಂದವರಿಗೂ ಅಷ್ಟೇ ಸಾಕು. ಅತ್ತೆಯನ್ನೋ ಗಂಡನನ್ನೋ ಮೂಲೆಗೆ ಕರೆದು ಕೇಳುವುದು ಬೇಡ. ಅವಳನ್ನೇ ಕೇಳೋಣ, ಅವಳು ಹೇಳಿದ್ದನ್ನು ನಂಬೋಣ. ಮತ್ತೆ ಯಾವತ್ತೋ ಅವಳಿಗೆ ಸಿಟ್ಟು ಬಂದರೆ, ಯಾಕೆ ಬಂತು ಎಂದು ಅವಳನ್ನೇ ಕೇಳೋಣ.