ಹೂತಿಟ್ಟದ್ದು ಎಲ್ಲಿ ಹೋಯಿತು?



ಡೋರ್ನಹಳ್ಳಿಯ ಕಥೆ ನಿಮಗೆಲ್ಲ ಗೊತ್ತು. ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಹೋದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಲಿನಲ್ಲಿ ನಿಂತವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಹಿರಿಯರು ಹೇಳಿಕೊಂಡು ಬಂದ ಪ್ರಕಾರ ಸುಮಾರು ಎರಡು ನೂರು ವರ್ಷಗಳ ಹಿಂದೆ ಅಲ್ಲಿ ಒಬ್ಬ ರೈತ ಹೊಲ ಉಳುತ್ತಿದ್ದಾಗ ನೇಗಿಲಿಗೆ ಏನೋ ತಗುಲಿತು. ತೆಗೆದು ನೋಡಿದರೆ ಮರದ ಪ್ರತಿಮೆ. ಯಾರದೆಂದು ತಿಳಿಯದೆ ಮಕ್ಕಳಿಗೆ ಆಡಲು ಕೊಟ್ಟನಂತೆ. ಅದು ಸಂತ ಅಂತೋಣಿಯವರದೆಂದು ತಿಳಿದದ್ದು ಆಮೇಲೆ. ಆ ಪ್ರತಿಮೆಯನ್ನು ಮಣ್ಣಿಗೆ ಸೇರಿಸಿದವರು ಯಾರು, ಯಾವಾಗ, ಯಾರಿಗೂ ಗೊತ್ತಿಲ್ಲ. ಮಣ್ಣು ಮಾತ್ರ ಅದನ್ನು ಕಾಪಾಡಿಕೊಂಡು ಬಂದಿತ್ತು.

ಈ ಕಥೆ ನನಗೆ ಮತ್ತೆ ನೆನಪಾದದ್ದು ನಮ್ಮ ಊರ ಕಡೆಯ ಒಬ್ಬ ಹಿರಿಯ ರೈತರಿಂದ. ಭಾನುವಾರದ ಬಲಿಪೂಜೆ ಮುಗಿದು ಜನ ಚದುರಿದ ಮೇಲೆ ಅವರು ಗುಡಿಯ ಅಂಗಳದಲ್ಲಿ ಕಾದು ನಿಂತಿದ್ದರು.

"ಸ್ವಾಮಿ, ಒಂದು ಮಾತು ಕೇಳಬೇಕಿತ್ತು."

"ಹೇಳಿ ಯಜಮಾನರೇ."

ಮೈಸೂರಿನ ಹೊರವರ್ತುಲ ರಸ್ತೆಯ ಆಚೆ ಅವರಿಗೆ ಎರಡು ಎಕರೆ ಹೊಲ. ಮಗ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ, ಬೇಸಾಯ ಮಾಡುವವರಿಲ್ಲ. ಬಡಾವಣೆ ಮಾಡುವವರು ಬಂದು ಒಳ್ಳೆಯ ಬೆಲೆ ಹೇಳಿದ್ದಾರೆ. ಎಲ್ಲ ಸರಿ. ಆದರೆ 1997ರಲ್ಲಿ ಸರ್ಕಾರ ಬಿ.ಎಚ್.ಸಿ. ಪುಡಿಯನ್ನು ನಿಷೇಧಿಸಿದಾಗ ಇವರ ಮನೆಯಲ್ಲಿ ಅರ್ಧ ಮೂಟೆ ಉಳಿದಿತ್ತು. ನಮ್ಮ ಹಳ್ಳಿಗಳಲ್ಲಿ ಗ್ಯಾಮಕ್ಸಿನ್ ಎಂದು ಕರೆಯುತ್ತಿದ್ದರಲ್ಲ, ಅದೇ. ಏನು ಮಾಡುವುದೆಂದು ತಿಳಿಯದೆ ಗೋಣಿಯಲ್ಲಿ ಸುತ್ತಿ, ಬಾವಿಯ ಪಕ್ಕದ ಮೂಲೆಯಲ್ಲಿ ಸೊಂಟದ ಮಟ್ಟದ ಗುಂಡಿ ತೋಡಿ ಹೂತುಬಿಟ್ಟರು.

"ಇಪ್ಪತ್ತೈದು ವರ್ಷದ ಮೇಲಾಯ್ತು. ಮಣ್ಣು ಅದನ್ನ ತಿಂದು ಹಾಕಿರ್ತದೆ ಅಲ್ವಾ ಸ್ವಾಮಿ? ಕೊಳ್ಳೋರಿಗೆ ಹೇಳಲೇಬೇಕಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡುವಷ್ಟು ತಿಳಿದಿರಲೂ ಇಲ್ಲ. ಹೆಸರು ಹಾಕದೆ ಬರೆಯುವುದಾದರೆ ಬರೆಯಿರಿ ಎಂದು ಅವರೇ ಹೇಳಿದ್ದರಿಂದ, ಓದಿ ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಎಣ್ಣೆ ಜಿಡ್ಡು ಹಿಡಿದ ಬಾಣಲೆಗೆ ಎಷ್ಟು ನೀರು ಸುರಿದರೂ ಜಿಡ್ಡು ಬಿಡುವುದಿಲ್ಲ ಎಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಬಿ.ಎಚ್.ಸಿ., ಡಿ.ಡಿ.ಟಿ., ಎಂಡೋಸಲ್ಫಾನ್ ಇವೆಲ್ಲ ಆ ಜಿಡ್ಡಿನ ಜಾತಿಗೆ ಸೇರಿದವು. ನೀರೆಂದರೆ ಅವಕ್ಕೆ ಆಗದು. ಎಂಡೋಸಲ್ಫಾನ್ ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಕೂಡ ಕರಗುವುದಿಲ್ಲ. ಹೊಲದಲ್ಲಿ ಅವು ಆಸರೆ ಹುಡುಕುವುದು ಎಲೆ, ಬೇರು, ಸಗಣಿ ಕೊಳೆತು ಕಪ್ಪಾದ ಅಂಶದಲ್ಲಿ; ಸ್ವಲ್ಪ ಮಟ್ಟಿಗೆ ಜೇಡಿಯ ನುಣ್ಣನೆಯ ಕಣಗಳಲ್ಲಿ. ಅಲ್ಲಿ ಅಂಟಿಕೊಂಡು ಕುಳಿತರೆ ಮಳೆ ಬಂದರೂ ಸುಲಭವಾಗಿ ಕೆಳಗಿಳಿಯುವುದಿಲ್ಲ. ದಿನ ಕಳೆದಂತೆ ಮಣ್ಣಿನ ಕಣದ ಒಳಗಿನ ಸಣ್ಣ ಸಣ್ಣ ರಂಧ್ರಗಳಿಗೂ ಸೇರಿ, ಇನ್ನೂ ಗಟ್ಟಿಯಾಗಿ ಕೂರುತ್ತವೆ. ಕೊಟ್ಟಿಗೆ ಗೊಬ್ಬರ ಕಂಡ ಹೊಲ ಹೆಚ್ಚು ಹಿಡಿಯುತ್ತದೆ. ವರ್ಷಗಟ್ಟಲೆ ಬರೀ ಸರ್ಕಾರಿ ಗೊಬ್ಬರ ತಿಂದು ಬರಡಾದ ಕೆಂಪು ಮರಳು ಮಣ್ಣು ಕಡಿಮೆ ಹಿಡಿಯುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುವ ಕೀಟನಾಶಕಗಳ ಕಥೆಯೇ ಬೇರೆ, ಅವು ನಿಲ್ಲದೆ ಬಾವಿಯ ದಾರಿ ಹಿಡಿಯಬಲ್ಲವು.

ಮಣ್ಣು ವಿಷವನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ದೇವರು ನಮಗೆ ಕೊಟ್ಟ ಒಂದು ರಕ್ಷಣೆಯೆಂದೇ ನಾನು ತಿಳಿಯುತ್ತೇನೆ. ಹಿಡಿದಿಟ್ಟುಕೊಂಡಷ್ಟು ಕಾಲ ವಿಷ ಬಾವಿಗೆ ಹೋಗುವುದಿಲ್ಲ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದನ್ನು ಮುರಿಯಲು ಸಮಯ ಸಿಗುತ್ತದೆ. ನಮ್ಮ ಊರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಇರುವ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಿ.ಎಚ್.ಸಿ. ಮತ್ತು ಡಿ.ಡಿ.ಟಿ.ಯನ್ನು ಮುರಿಯಬಲ್ಲ ಇಂಥ ಸೂಕ್ಷ್ಮಜೀವಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಬಿ.ಎಚ್.ಸಿ.ಯ ಕೆಲವು ಅಂಶಗಳು ಒಣ ಹೊಲದಲ್ಲಿಗಿಂತ ಬೇಗ ಮುರಿಯುತ್ತವೆ ಎಂಬುದೂ ತಿಳಿದ ವಿಷಯ.

ಆದರೆ, ಪ್ರಿಯರೇ, ಹಿಡಿದಿಟ್ಟದ್ದು ಇಲ್ಲವಾಯಿತು ಎಂದಲ್ಲ. ಬಿ.ಎಚ್.ಸಿ. ಎಂಬುದು ಒಂದೇ ವಸ್ತುವಲ್ಲ, ಒಂದೇ ಮನೆಯ ಹಲವು ಅಣ್ಣತಮ್ಮಂದಿರಂತೆ. ಹುಳ ಕೊಲ್ಲುವ ಗ್ಯಾಮಾ ಅಂಶ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ. ಮಿಕ್ಕದ್ದೆಲ್ಲ ನಾವು ಸುಮ್ಮನೆ ಹೊಲಕ್ಕೆ ಎರಚಿದ ಕಸ. ಅದರಲ್ಲಿ ಬೀಟಾ ಎಂಬ ಅಂಶ ಎಲ್ಲಕ್ಕಿಂತ ಹಟಮಾರಿ. ಮೇಲ್ಮಣ್ಣಿನಲ್ಲಿ ತೆಳ್ಳಗೆ ಹರಡಿದ ವಿಷವನ್ನು ಸೂಕ್ಷ್ಮಜೀವಿಗಳು ಹೇಗೋ ನಿಭಾಯಿಸುತ್ತವೆ. ಒಂದೇ ಗುಂಡಿಯಲ್ಲಿ ಅರ್ಧ ಮೂಟೆ ಸುರಿದರೆ ಅವೇನು ಮಾಡಿಯಾವು? ಹತ್ತು ಜನರ ಅಡುಗೆಯನ್ನು ಒಬ್ಬನ ಎಲೆಗೆ ಬಡಿಸಿದಂತೆ. ಸೊಂಟದ ಆಳದಲ್ಲಿ ಅವುಗಳ ಸಂಖ್ಯೆಯೂ ಕಡಿಮೆ.

ಹಿಡಿದ ಮಣ್ಣೇ ಹೊರಟುಬಿಟ್ಟರೆ? ಮುಂಗಾರಿನ ಮೊದಲ ಜೋರು ಮಳೆಗೆ ಹೊಲದಿಂದ ಕೆಂಪಗೆ ಹರಿದು ಹೋಗುವ ನೀರನ್ನು ನೋಡಿದ್ದೀರಿ. ಆ ಕೆಂಪು ಬಣ್ಣವೇ ಮೇಲ್ಮಣ್ಣು. ಅಂಟಿಕೊಂಡ ವಿಷವೂ ಅದರ ಜೊತೆ ಕೆರೆಗೆ ಹೋಗಿ ಗೋಡಿನಲ್ಲಿ ಕೂರುತ್ತದೆ, ಬೇಸಿಗೆಯಲ್ಲಿ ನಾವೇ ಆ ಗೋಡನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ತರುತ್ತೇವೆ. ಚಾಮರಾಜನಗರದ ಕಡೆಯ ಎರೆಭೂಮಿಯವರಿಗೆ ಇನ್ನೊಂದು ದಾರಿ ಗೊತ್ತು. ಬೇಸಿಗೆಯಲ್ಲಿ ಅಂಗೈಯಗಲ ಬಾಯಿಬಿಟ್ಟ ಬಿರುಕುಗಳೊಳಗೆ ಮೊದಲ ಮಳೆಯ ನೀರು ಮಣ್ಣಿನ ಜೊತೆ ಮಾತನ್ನೂ ಆಡದೆ ನೇರ ಕೆಳಗಿಳಿಯುತ್ತದೆ. ಬಿಸಿಲಿಗೆ ಆವಿಯಾಗಿ ಗಾಳಿಯಲ್ಲಿ ಹೊರಟ ಬಿ.ಎಚ್.ಸಿ. ಯಾರೂ ಉಳದ, ಯಾರೂ ಬಿತ್ತದ ಉತ್ತರ ಧ್ರುವದ ಸಮುದ್ರದಲ್ಲಿಯೂ ಸಿಕ್ಕಿದೆ. ಮೇವಿನ ಮೂಲಕ ಹಸುವಿನ ಕೊಬ್ಬಿಗೆ, ಹಾಲಿಗೆ ಸೇರುವುದಂತೂ ಸರಿಯೇ ಸರಿ. ಜಿಡ್ಡು ಜಿಡ್ಡನ್ನೇ ಹುಡುಕುತ್ತದೆ.

ಇದು ಬರೀ ಪುಸ್ತಕದ ಮಾತು ಎನ್ನುವವರು ಕಾಸರಗೋಡಿನ ಕಡೆ ಒಮ್ಮೆ ನೋಡಬೇಕು. ಎಣ್ಮಕಜೆ ಪಂಚಾಯತಿಯ ಪಡ್ರೆ ಕನ್ನಡ ಮಾತನಾಡುವ ನಮ್ಮದೇ ಜನರ ಊರು. ಅಲ್ಲಿ ಒಂದು ಜಾಗದ ಹೆಸರೇ ಸ್ವರ್ಗ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ತೋಟಗಾರಿಕಾ ನಿಗಮ ಆ ಜಿಲ್ಲೆಯ ಗುಡ್ಡಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗುಡ್ಡದ ಕೆಳಗಿನ ಜನರಿಗೆ ಕುಡಿಯುವ ನೀರು ಬರುವುದು ಸುರಂಗಗಳಿಂದ. ಮುರಕಲ್ಲಿನ ಗುಡ್ಡವನ್ನು ಅಡ್ಡಡ್ಡಲಾಗಿ ಕೊರೆದು, ಒಳಗೆ ಜಿನುಗುವ ನೀರನ್ನು ಮನೆಯ ಬಾಗಿಲಿಗೆ ತರುವ ಜಾಣತನ ಅದು. ತಲೆಯ ಮೇಲಿನ ಗುಡ್ಡಕ್ಕೆ ಬಿದ್ದದ್ದು ಅದೇ ಗುಡ್ಡದ ನೀರು ಕುಡಿಯುವವರನ್ನು ಬಿಟ್ಟೀತೇ? ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿದಾಗಲೂ ಪಡ್ರೆಯ ಶಾಲಾ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡಲಿಲ್ಲವೆಂದಲ್ಲ. ಅವು ಎಂಡೋಸಲ್ಫಾನನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಯಿಸುತ್ತವೆ. ಅದೂ ವಿಷವೇ, ಮತ್ತು ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವ ವಿಷ. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲೂ ಗೇರು ತೋಟಗಳ ಪಕ್ಕದ ಮನೆಗಳಲ್ಲಿ ಇದೇ ಗೋಳು. ಸರ್ವೋಚ್ಚ ನ್ಯಾಯಾಲಯ 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ 2017ರಲ್ಲಿ ಆಜ್ಞೆಯಾಯಿತು. ಹಾಸಿಗೆ ಹಿಡಿದ ಮಗನಿಗೆ ಇಪ್ಪತ್ತು ವರ್ಷ ತುತ್ತು ತಿನ್ನಿಸಿದ ತಾಯಿಗೆ ಆ ಹಣ ಎಷ್ಟರ ಮಟ್ಟಿನ ಪರಿಹಾರ, ನೀವೇ ಯೋಚಿಸಿ.

ಇನ್ನು ಎರಡನೆಯ ಪ್ರಶ್ನೆ. ಕೊಳ್ಳುವವರಿಗೆ ಹೇಳಬೇಕೇ?

ನಮ್ಮಲ್ಲಿ ಬಹುಮಂದಿಗೆ ಒಂದು ಅಭ್ಯಾಸವಿದೆ. ಪಾಪನಿವೇದನೆ ಮಾಡಿದೆವು, ಗುರುಗಳು ಕ್ಷಮೆ ಸಾರಿದರು, ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಳ್ಳುತ್ತೇವೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ಕ್ಷಮೆ ಪಾಪವನ್ನು ತೆಗೆಯುತ್ತದೆ. ಪಾಪದಿಂದ ನೆರೆಯವನಿಗೆ ಆದ ಕೇಡನ್ನು ನಾವೇ ಸರಿಪಡಿಸಬೇಕು. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ಕಣ್ಣೀರು ಹಾಕಿ ಸುಮ್ಮನಾಗಲಿಲ್ಲ, ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ. ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ ಗುಂಡಿ ತೋಡಿದವನ ಬಗ್ಗೆ ಒಂದು ಕಟ್ಟಳೆಯಿದೆ. ತೋಡಿ ಮುಚ್ಚದೆ ಬಿಟ್ಟ ಗುಂಡಿಯಲ್ಲಿ ನೆರೆಯವನ ಎತ್ತು ಬಿದ್ದು ಸತ್ತರೆ ತೋಡಿದವನೇ ಅದರ ಬೆಲೆ ತೆರಬೇಕು. ನಮ್ಮ ಯಜಮಾನರ ಗುಂಡಿ ಮುಚ್ಚಿದೆ. ಅಪಾಯ ಇರುವುದೇ ಅಲ್ಲಿ. ತೆರೆದ ಗುಂಡಿಯನ್ನು ಎತ್ತಾದರೂ ಕಂಡೀತು, ಮುಚ್ಚಿದ ಗುಂಡಿಯ ಮೇಲೆ ಯಾರೋ ಕೊಳವೆಬಾವಿ ಕೊರೆಸಿ ಮಗುವಿಗೆ ನೀರು ಕುಡಿಸುತ್ತಾರೆ.

ಹೂತಾಗ ಅವರು ಪಾಪ ಮಾಡಿದರು ಎಂದು ನಾನು ಹೇಳಲಾರೆ. ವಿಷವನ್ನು ಔಷಧಿ ಎಂದು ಕರೆದು ಮಾರಿದವರು ಯಾರು? ನಿಷೇಧವಾಯಿತು ಎಂದವರು ಉಳಿದದ್ದನ್ನು ಎಲ್ಲಿಗೆ ಒಯ್ಯಬೇಕೆಂದು ಹೇಳಿದರೇ? ಆದರೆ ಅಂದು ತಿಳಿಯದೆ ಮಾಡಿದ್ದನ್ನು ಇಂದು ತಿಳಿದೂ ಮುಚ್ಚಿಟ್ಟರೆ, ಆ ಮೌನ ಅವರದೇ. ವಿಷದ ಪ್ರಮಾಣ ಕಡಿಮೆ ಇರುವ ಕಡೆಯೂ ಅದು ಜನರ ದೇಹದಲ್ಲಿ ಕೂಡುತ್ತಾ ಹೋಗಬಹುದೆಂದು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಎಚ್ಚರಿಸಿದ್ದರು.

ಆದ್ದರಿಂದ ಹೇಳಲೇಬೇಕು ಎಂದೆ. ಗುಂಡಿಯನ್ನು ಸ್ವಂತ ಕೈಯಿಂದ ಅಗೆಯಬೇಡಿ, ಅಗೆದು ಸುಡುವುದಂತೂ ಬೇಡವೇ ಬೇಡ, ಸುಟ್ಟ ಹೊಗೆ ಇನ್ನೂ ಕೆಟ್ಟದ್ದು. ರೈತ ಸಂಪರ್ಕ ಕೇಂದ್ರಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿ, ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ಎಂದೂ ಸೇರಿಸಿದೆ. ನಿಮ್ಮಲ್ಲಿ ಅಟ್ಟದ ಮೇಲೆ, ಪಂಪ್‌ಹೌಸಿನ ಮೂಲೆಯಲ್ಲಿ ಹಳೆಯ ಡಬ್ಬಿ ಇಟ್ಟುಕೊಂಡವರಿದ್ದರೆ ನಿಮಗೂ ಇದೇ ಮಾತು. ಸಿಂಪಡಿಸಿದ ಡ್ರಮ್ಮನ್ನು ಕೆರೆಯಲ್ಲಿ ತೊಳೆಯುವವರಿಗೆ, ಮೋಡ ಕಟ್ಟಿದ ದಿನವೇ ಔಷಧಿ ಹೊಡೆಯುವವರಿಗೆ ಬೇರೆ ಹೇಳಬೇಕೇ?

ಎರಡು ತಿಂಗಳು ಯಜಮಾನರು ನನ್ನ ಕಣ್ಣಿಗೆ ಬೀಳಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಪರಮಪ್ರಸಾದ ಆದೊಡನೆ ಎದ್ದು ಹೋಗುತ್ತಿದ್ದರೆಂದು ಆಮೇಲೆ ತಿಳಿಯಿತು. ಕಳೆದ ಭಾನುವಾರ ಮತ್ತೆ ಅಂಗಳದಲ್ಲಿ ನಿಂತಿದ್ದರು. ಬಡಾವಣೆಯವರನ್ನು ಆ ಮೂಲೆಗೆ ಕರೆದೊಯ್ದು ತೋರಿಸಿದರಂತೆ. ಅವರು ಬೆಲೆ ಇಳಿಸಿ ಹೋದರು, ಮತ್ತೆ ಬರಲಿಲ್ಲ. "ಮಗ ಇನ್ನೂ ಸರಿಯಾಗಿ ಮಾತಾಡ್ತಿಲ್ಲ ಸ್ವಾಮಿ" ಎಂದರು. ಮೂಲೆಗೆ ಮುಳ್ಳುಬೇಲಿ ಹಾಕಿಸಿದ್ದಾರೆ. ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.