ನರೆಗೂದಲಿನ ಸಾಕ್ಷಿ

ನಾನು ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷಕ್ಕೂ ಮೇಲೆ ಕಾಸರಗೋಡಿನ ಹಳ್ಳಿ ಶಾಲೆಗಳಲ್ಲಿ ಕನ್ನಡ ಕಲಿಸಿದ ಮಾಷ್ಟ್ರೊಬ್ಬ ಮದ್ಯದಂಗಡಿಯ ಕತೆ ಬರೆಯಲು ಕುಳಿತರೆ ಓದುವವರು ಹುಬ್ಬೇರಿಸುವುದು ಸಹಜ.

2010ರ ಅಕ್ಟೋಬರಿನಲ್ಲಿ ನಾನು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿದ್ದ ಮಗನ ಮನೆಗೆ ಹೋಗಿದ್ದೆ. ಆಗ ನನಗೆ 66 ವರ್ಷ. ತಲೆಯಲ್ಲಿ ಒಂದು ಕಪ್ಪು ಕೂದಲೂ ಉಳಿದಿರಲಿಲ್ಲ. ಒಂದು ಸಂಜೆ ಮಗನ ಸ್ನೇಹಿತರ ಮನೆಗೆ ಊಟಕ್ಕೆ ಕರೆದಿದ್ದರು. ಅಲ್ಲಿ ಊಟಕ್ಕೆ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ, ಒಂದು ಬಾಟಲಿ ದ್ರಾಕ್ಷಾರಸ ಕೊಂಡೊಯ್ಯುತ್ತಾರೆ. ನಾವು ಬಾಳೆಗೊನೆಯೋ ಹಲಸಿನ ಹಪ್ಪಳವೋ ಒಯ್ಯುವ ಹಾಗೆ ಎಂದು ಅದನ್ನು ನಾನು ಅರ್ಥ ಮಾಡಿಕೊಂಡೆ. ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಮಗನಿಗೆ ಆಫೀಸಿನಿಂದ ಫೋನು ಬಂತು. ಅವನು ನನ್ನ ಕೈಗೆ ಇಪ್ಪತ್ತು ಡಾಲರಿನ ನೋಟು ಕೊಟ್ಟು, "ಅಪ್ಪ, ನೀವೇ ಹೋಗಿ ಕೆಂಪು ಬಣ್ಣದ್ದು ಒಂದು ತನ್ನಿ" ಎಂದ.

ನನ್ನ ಮುಂದೆ ಒಬ್ಬ ಮುದುಕರಿದ್ದರು. ಎಂಬತ್ತು ದಾಟಿದವರು, ಕೈಯಲ್ಲಿ ಊರುಗೋಲು, ತಲೆಯ ಮೇಲೆ ಹಳೆಯ ಸೈನಿಕರು ಹಾಕುವಂಥ ಟೋಪಿ. ಕೌಂಟರಿನಲ್ಲಿದ್ದ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಅವಳು ಅವರ ಬಳಿ ಗುರುತಿನ ಚೀಟಿ ಕೇಳಿದಳು. ಅವರು ಗೊಣಗಿದರು, ನಕ್ಕರು, ಮತ್ತೆ ಗೊಣಗಿದರು, ಕೊನೆಗೆ ಲೈಸೆನ್ಸು ತೆಗೆದು ತೋರಿಸಿದರು. ನನ್ನ ಸರದಿ ಬಂದಾಗ ನನಗೂ ಅದೇ ಪ್ರಶ್ನೆ. ಪಾಸ್‌ಪೋರ್ಟು ಕಳೆದೀತೆಂದು ಮನೆಯಲ್ಲೇ ಇಟ್ಟು ಬಂದಿದ್ದೆ. ಕಿಸೆಯಲ್ಲಿದ್ದುದು ಊರಿನ ಮತದಾರರ ಗುರುತಿನ ಚೀಟಿ. ಅದರಲ್ಲಿ ನನ್ನ ಹೆಸರು ಮಲಯಾಳದಲ್ಲಿ ಒಂದು ತರಹ, ಇಂಗ್ಲಿಷಿನಲ್ಲಿ ಇನ್ನೊಂದು ತರಹ. ಎರಡೂ ನನ್ನ ಅಪ್ಪ ಅಮ್ಮ ಕರೆದ ಹೆಸರಲ್ಲ. ಹುಟ್ಟಿದ ದಿನಾಂಕವಂತೂ ಇಲ್ಲ, 1-1-1995ಕ್ಕೆ ವಯಸ್ಸು 50 ಎಂದಷ್ಟೇ ಇತ್ತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ವಿನಯದಿಂದ ಹಿಂದೆ ಕೊಟ್ಟಳು. ಬಾಟಲಿಯನ್ನು ಕೌಂಟರಿನ ಕೆಳಗಿಟ್ಟಳು.

ನಾನು ಬರಿಗೈಯಲ್ಲಿ ಹೊರಗೆ ಬಂದೆ. ಮಗ ಹೋಗಿ ತಂದ. "ಅಪ್ಪನಿಗೆ ಇನ್ನೂ ಇಪ್ಪತ್ತೊಂದು ತುಂಬಿಲ್ಲವಂತೆ" ಎಂದು ಊಟದ ಮನೆಯಲ್ಲಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ರಾತ್ರಿ ಮಲಗಿದಾಗ ಮಾತ್ರ ನಿದ್ದೆ ಬರಲಿಲ್ಲ.

ಏಕೆ ನೋವಾಯಿತು? ಬೇಕಾದದ್ದು ಸಿಗಲಿಲ್ಲವೆಂದಲ್ಲ, ಅದು ನನಗೆ ಬೇಕಾದದ್ದೇ ಆಗಿರಲಿಲ್ಲ. ನಮ್ಮ ಕಡೆ ನರೆಗೂದಲೇ ಒಂದು ಪ್ರಮಾಣಪತ್ರ. ಬಸ್ಸಿನಲ್ಲಿ ಹುಡುಗರು ಎದ್ದು ಜಾಗ ಕೊಡುತ್ತಾರೆ, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರಿಸುತ್ತಾರೆ. ಯಾರೂ ದಾಖಲೆ ಕೇಳುವುದಿಲ್ಲ. ಆ ಹುಡುಗಿ ನನ್ನ ಮುಖವನ್ನು ನೇರವಾಗಿ ನೋಡಿದಳು, ಆದರೂ ಅದು ಅವಳಿಗೆ ಸಾಕ್ಷಿಯಾಗಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಿಸಿಲು ಮಳೆ ತಿಂದು ಸಂಪಾದಿಸಿದ ಸುಕ್ಕುಗಳು ಒಂದು ಪ್ಲಾಸ್ಟಿಕ್ ತುಂಡಿಗಿಂತ ಕಡಿಮೆಯಾದವು.

ಮರುದಿನ ಮಗ ಕಾನೂನನ್ನು ವಿವರಿಸಿದ. ಅದೇ ವರ್ಷ ಜುಲೈ 1ರಿಂದ ಆ ರಾಜ್ಯದಲ್ಲಿ ಮದ್ಯ ಕೊಂಡೊಯ್ಯುವ ಪ್ರತಿಯೊಬ್ಬರೂ, ವಯಸ್ಸು ಎಷ್ಟೇ ಕಾಣಲಿ, ಗುರುತಿನ ಚೀಟಿ ತೋರಿಸಬೇಕೆಂದು ಮಾಡಿದ್ದರು. ವಯಸ್ಸಾದವರಿಗೆ ಇದು ಸಹಿಸಲಿಲ್ಲ. 2011ರ ಜುಲೈಯಲ್ಲಿ, ನೋಡಿದರೆ 40ಕ್ಕಿಂತ ಕಡಿಮೆ ಎನಿಸುವವರನ್ನು ಮಾತ್ರ ಕೇಳಿದರೆ ಸಾಕೆಂದು ತಿದ್ದಿದರು. ಅಂದರೆ ನಾನು ಒಂದು ವರ್ಷ ತಡಮಾಡಿ ಹೋಗಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಕೊಳ್ಳುವ ವಯಸ್ಸು 18. ಆದರೆ 2011ರ ಅಕ್ಟೋಬರಿನಿಂದ, 25ಕ್ಕಿಂತ ಚಿಕ್ಕವರಂತೆ ಕಾಣುವವರನ್ನು ಕೇಳಲೇಬೇಕೆಂದು ಅಲ್ಲಿ ಕಾನೂನಾಗಿದೆ.

ಇಪ್ಪತ್ತೊಂದು ಎಂಬ ಸಂಖ್ಯೆಯ ಹಿಂದಿನ ಕತೆ ಗಡಿನಾಡಿನವರಾದ ನಮಗೆ ಬೇಗ ಅರ್ಥವಾಗುತ್ತದೆ. 1971ರಲ್ಲಿ ಅಮೆರಿಕದಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು, ಕೆಲವು ಇಳಿಸಲಿಲ್ಲ. ಹುಡುಗರು ಕಾರು ಹತ್ತಿ ಗಡಿ ದಾಟಿ ಪಕ್ಕದ ರಾಜ್ಯದಲ್ಲಿ ಕುಡಿದು, ಹಿಂದಿರುಗುವ ದಾರಿಯಲ್ಲಿ ಸಾಯತೊಡಗಿದರು. 1984ರಲ್ಲಿ ಕೇಂದ್ರ ಸರಕಾರ, 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿಯ ಹಣದಲ್ಲಿ ಕಡಿತ ಮಾಡುವ ಕಾನೂನು ತಂದಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿದವು. ನಮ್ಮಲ್ಲಿ ಕೇರಳದ ವಯಸ್ಸು 23. 2017ರ ಕೊನೆಯಲ್ಲಿ ಅದನ್ನು 21ರಿಂದ ಏರಿಸಲು ಸರಕಾರ ತೀರ್ಮಾನಿಸಿತು. ತಲಪಾಡಿ ದಾಟಿದರೆ ಕರ್ನಾಟಕದ ನಿಯಮದಲ್ಲಿ 21. ದಕ್ಷಿಣಕ್ಕೆ ಹೋದರೆ ಪುದುಚೇರಿಗೆ ಸೇರಿದ ಮಾಹೆಯಲ್ಲಿ 18. ಒಂದೇ ರೈಲಿನಲ್ಲಿ ಮಂಗಳೂರಿನಿಂದ ಮಾಹೆಗೆ ಹೋಗುವ ಇಪ್ಪತ್ತೆರಡರ ಹುಡುಗ ಮೊದಲು ದೊಡ್ಡವ, ಮಂಜೇಶ್ವರಕ್ಕೆ ಬಂದಾಗ ಚಿಕ್ಕವ, ಮಾಹೆಯಲ್ಲಿ ಇಳಿದಾಗ ಮತ್ತೆ ದೊಡ್ಡವ.

ನನ್ನ ನೋವಿಗೆ ಹಿಂದಿರುಗುತ್ತೇನೆ. ದಿನಗಳು ಕಳೆದಂತೆ ಅದರ ಇನ್ನೊಂದು ಮಗ್ಗುಲು ಕಾಣಿಸಿತು. ಆ ಹುಡುಗಿ ನನ್ನನ್ನು ಮಾತ್ರ ಕೇಳಿರಲಿಲ್ಲ. ಆ ಊರಿನವರೇ ಆದ ಹಳೆಯ ಸೈನಿಕರನ್ನೂ ಕೇಳಿದಳು. ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸಿನ ಎಲ್ಲರ ಚೀಲವನ್ನೂ ಬಿಚ್ಚಿಸಿದರೆ ನಮಗೆ ತಡವಾಯಿತೆಂಬ ಬೇಸರವಷ್ಟೆ, ಅವಮಾನವಿಲ್ಲ. ನನ್ನೊಬ್ಬನನ್ನು ಎಬ್ಬಿಸಿ ಚೀಲ ಬಿಚ್ಚಿಸಿದರೆ ಅವಮಾನ. ಮುಖ ನೋಡಿ ನಿರ್ಧರಿಸುವ ಅಧಿಕಾರವನ್ನು ಅವಳಿಗೆ ಕೊಟ್ಟಿದ್ದರೆ, ಕಪ್ಪು ಬಣ್ಣದ, ಕುಳ್ಳಗಿನ, ತಡವರಿಸುವ ಇಂಗ್ಲಿಷಿನ ನನ್ನ ಮುಖವನ್ನು ನೋಡಿ ಅವಳು ಏನೇನು ನಿರ್ಧರಿಸುತ್ತಿದ್ದಳೋ! ಎಲ್ಲರನ್ನೂ ಕೇಳುವ ನಿಯಮ ಯಾರನ್ನೂ ಸಂಶಯಿಸುವುದಿಲ್ಲ. ಹೀಗೆ ಯೋಚಿಸಿದಾಗ ಮನಸ್ಸು ಅರ್ಧ ಹಗುರಾಯಿತು.

ಅರ್ಧ ಮಾತ್ರ. ಹದಿನಾರನ್ನೂ ಅರುವತ್ತಾರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸಮಾನತೆಯೇ, ಅಥವಾ ನೋಡುವ ಕಷ್ಟದಿಂದ ತಪ್ಪಿಸಿಕೊಳ್ಳುವ ಉಪಾಯವೇ? ಆ ಹುಡುಗಿಗೆ ತನ್ನ ಕಣ್ಣನ್ನು ನಂಬುವ ಹಕ್ಕೇ ಇರಲಿಲ್ಲ. ಅವಳು ನಂಬಬೇಕಾಗಿದ್ದ ಕಾಗದವಾದರೂ ಎಷ್ಟು ಸತ್ಯ? ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ 1944ರ ಮೇ 15. ಅಮ್ಮ ಹೇಳುತ್ತಿದ್ದುದು, ಆಟಿ ಅಮಾವಾಸ್ಯೆಯ ಹಾಲೆ ತೊಗಟೆಯ ಕಷಾಯ ಕುಡಿದ ಮರುದಿನ, ಗುಡ್ಡೆ ಜರಿಯುವಂಥ ಮಳೆಯಲ್ಲಿ ನಾನು ಹುಟ್ಟಿದೆನೆಂದು. ಜೂನಿಗೆ ವಯಸ್ಸು ಸಾಲುವುದಿಲ್ಲವೆಂದು ಶಾಲೆಗೆ ಸೇರಿಸುವಾಗ ಹೆಡ್‌ಮಾಷ್ಟ್ರು ನನ್ನನ್ನು ಎರಡು ತಿಂಗಳು ಮೊದಲೇ ಹುಟ್ಟಿಸಿಬಿಟ್ಟರು. ನಾನು ಮಾಷ್ಟ್ರಾದ ಮೇಲೆ ನಾನೂ ಅದೇ ಪುಣ್ಯಕಾರ್ಯ ಮಾಡಿದ್ದೇನೆ. ನನ್ನ ಹಳೆಯ ಹಾಜರಿ ಪುಸ್ತಕಗಳನ್ನು ನೋಡಿದರೆ ನಮ್ಮ ಊರಿನ ಹೆಂಗಸರೆಲ್ಲ ಮೇ ತಿಂಗಳಲ್ಲೇ ಹೆರುತ್ತಿದ್ದರೆಂದು ಅನಿಸೀತು. ಹಾಗಿರುವಾಗ ನಿಜ ಹೇಳುತ್ತಿದ್ದುದು ನನ್ನ ಮುಖ, ಸುಳ್ಳು ಹೇಳುತ್ತಿದ್ದುದು ನನ್ನ ಪಾಸ್‌ಪೋರ್ಟು.

ಕಾಗದ ಕೇಳಿಸಿಕೊಳ್ಳುವುದು ನಮ್ಮಂಥವರಿಗೆ ಹೊಸತೇನಲ್ಲ ಬಿಡಿ. ನನ್ನ ಮಗಳ ಮಗಳು ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರ ಸೀಟಿಗೆ ಅರ್ಜಿ ಹಾಕಿದಾಗ ತನಗೆ ಕನ್ನಡ ಬರುತ್ತದೆಂದು ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ತೋರಿಸಬೇಕಾಯಿತು. ಹುಟ್ಟಿದಂದಿನಿಂದ ನನ್ನ ಮನೆಯಲ್ಲಿ ಕನ್ನಡದಲ್ಲೇ ಅತ್ತವಳು, ಜಗಳವಾಡಿದವಳು. ಅವಳು ಸಿಟ್ಟಿನಿಂದ ಹೇಳಿದ್ದಕ್ಕೆ ನಾನು, ಸುಳ್ಳು ಹೇಳಿ ಸೀಟು ಹೊಡೆಯುವವರೂ ಇರುತ್ತಾರೆ ಮಗಾ, ಎಂದು ಸಮಾಧಾನ ಮಾಡಿದೆ. ಅಮೆರಿಕದಲ್ಲಿ ನನಗೆ ನಾನೇ ಹೇಳಿಕೊಳ್ಳಲಾಗದ ಸಮಾಧಾನವನ್ನು ಅವಳಿಗೆ ಎಷ್ಟು ಸುಲಭವಾಗಿ ಹೇಳಿಬಿಟ್ಟೆ!

ಇಷ್ಟು ಹೇಳಿ ಮುಖ ನೋಡಿ ಗುರುತಿಸುವ ನಮ್ಮ ಪದ್ಧತಿಯೇ ದೊಡ್ಡದೆಂದು ಬರೆದು ಮುಗಿಸಬಹುದಿತ್ತು. ಹಾಗೆ ಮುಗಿಸಲು ನನ್ನ ತಮ್ಮ ಬಿಡುವುದಿಲ್ಲ.

ತಮ್ಮ ನನಗಿಂತ ಹನ್ನೊಂದು ವರ್ಷ ಚಿಕ್ಕವ. ಮದರಾಸಿನ ಕಾಲದಿಂದ ನಮ್ಮ ಭಾಗದಲ್ಲಿದ್ದ ಪಾನನಿಷೇಧ 1967ರಲ್ಲಿ ತೆರವಾದ ಮೇಲೆ ನಮ್ಮೂರಿನ ಪೇಟೆಯಲ್ಲೂ ಸಾರಾಯಿ ಗಡಂಗು ಬಂತು. ಅಪ್ಪ ಗೇಣಿಯ ಗದ್ದೆಯಲ್ಲಿ ದುಡಿಯುವವರು. ವಾರಕ್ಕೊಮ್ಮೆ, ಸಂತೆಯ ದಿನ, ಮೈಕೈ ನೋವಿಗೆಂದು ಸ್ವಲ್ಪ ತರಿಸಿ ಕುಡಿಯುತ್ತಿದ್ದರು. ತರಲು ಹೋಗುತ್ತಿದ್ದವನು ತಮ್ಮ. ಆಗ ಅವನಿಗೆ ಹದಿನಾಲ್ಕು. ಗಡಂಗಿನವನು ಅವನ ವಯಸ್ಸು ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಅವನು ಯಾರ ಮಗ, ಯಾರ ತಮ್ಮ, ಯಾವ ಕ್ಲಾಸಿನಲ್ಲಿ ಓದುತ್ತಾನೆ, ಎಲ್ಲ ಗೊತ್ತಿತ್ತು. ಗೊತ್ತಿದ್ದ ಕಾರಣಕ್ಕೇ ಕೊಟ್ಟ.

ಒಂದು ಸಂಜೆ ಶಾಲೆಯಿಂದ ಹಿಂದಿರುಗುವಾಗ ಆ ಮನುಷ್ಯ ನನ್ನನ್ನು ಕರೆದು ಪ್ರೀತಿಯಿಂದಲೇ ಹೇಳಿದ: "ಮಾಷ್ಟ್ರೇ, ನಿಮ್ಮ ತಮ್ಮ ಒಳ್ಳೆ ಮರ್ಯಾದೆಯ ಹುಡುಗ. ದಿನಾ ಬಂದು ಅಪ್ಪನಿಗೆ ಕೊಂಡುಹೋಗುತ್ತಾನೆ, ಒಂದು ಹೆಚ್ಚು ಮಾತಿಲ್ಲ."

ದಿನಾ ಎಂಬ ಮಾತು ನನ್ನ ಕಿವಿಗೆ ಬಿದ್ದಿತು. ಅಪ್ಪನಿಗೆ ವಾರಕ್ಕೊಮ್ಮೆ ಎಂಬುದು ನನಗೆ ಗೊತ್ತಿತ್ತು. ನಾನು "ಹೌದಾ" ಎಂದು ನಕ್ಕು ಮುಂದೆ ನಡೆದೆ. ಗಡಂಗಿನ ಬಾಗಿಲಲ್ಲಿ ನಿಂತು ಮನೆಯ ವಿಷಯ ಕೆದಕುವುದು ಮಾಷ್ಟ್ರ ಮರ್ಯಾದೆಗೆ ಸಲ್ಲದೆಂದು ಅನಿಸಿತ್ತು. ಮನೆಗೆ ಬಂದು ಕೇಳಬಹುದಿತ್ತು, ಅಲ್ಲೂ ಕೇಳಲಿಲ್ಲ. ನಾಳೆ ಕೇಳೋಣವೆಂದೆ. ಕೇರಳದಲ್ಲಿ 1996ರ ಏಪ್ರಿಲ್ 1ರಿಂದ ಸಾರಾಯಿ ನಿಂತಾಗ ನನ್ನಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ತಮ್ಮ ಬೇರೆ ಬಾಟಲಿ ಹಿಡಿದ. ಮರುವರ್ಷ ಹೋದ, 42ರ ಪ್ರಾಯದಲ್ಲಿ.

ಆದ್ದರಿಂದ ಮುಖಪರಿಚಯದ ಬಗ್ಗೆ ನನಗೆ ಭ್ರಮೆ ಉಳಿದಿಲ್ಲ. ನಮ್ಮನ್ನು ಬಲ್ಲವರು ನಮ್ಮನ್ನು ಕೇಳುವುದಿಲ್ಲ. ಕೇಳದಿರುವುದನ್ನೇ ಗೌರವವೆಂದು ಕರೆಯುತ್ತೇವೆ. ಇಂಡಿಯಾನಾದ ಹುಡುಗಿಗೆ ನಾನು ಯಾರೂ ಅಲ್ಲ, ಆದ್ದರಿಂದ ಕೇಳಿದಳು. ನನ್ನ ತಮ್ಮ ಅವಳ ಮುಂದೆ ನಿಂತಿದ್ದರೆ ಅವನ ಕೈಗೆ ಬಾಟಲಿ ಬರುತ್ತಿರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಸಿಗುತ್ತಿತ್ತೆಂದು ನೀವು ಹೇಳಬಹುದು. ಇರಬಹುದು. ಆದರೆ ಒಂದು ಕಡೆಯಾದರೂ ಯಾರೋ ಅವನನ್ನು ತಡೆದು ನಿಲ್ಲಿಸಿ ಮುಖ ನೋಡಿದಂತಾಗುತ್ತಿತ್ತು.

2020ರ ಮೇ ತಿಂಗಳ ಕೊನೆಯಲ್ಲಿ, ಕೊರೋನಾದಿಂದ ಮುಚ್ಚಿದ್ದ ಕೇರಳದ ಮದ್ಯದಂಗಡಿಗಳು ತೆರೆದಾಗ ಮೊಬೈಲಿನಲ್ಲಿ ಬೆವ್‌ಕ್ಯೂ ಎಂಬ ಆ್ಯಪಿನ ಟೋಕನ್ ಬೇಕಾಯಿತು. ನಮ್ಮ ಪ್ರಾಯದವರಿಗೆ ಅದೆಲ್ಲ ತಿಳಿಯದು. ನೆರೆಮನೆಯ ಹತ್ತನೇ ಕ್ಲಾಸಿನ ಹುಡುಗ ತನ್ನ ಅಜ್ಜನಿಗೆ ಟೋಕನ್ ತೆಗೆದುಕೊಡುತ್ತಿದ್ದ. ಒಂದು ದಿನ ಬೇಲಿಯ ಬಳಿ ಅವನ ಕೈಯಲ್ಲಿ ಎರಡು ಮೊಬೈಲು ಕಂಡಿತು, ಒಂದು ಅಜ್ಜನದು, ಒಂದು ಅಮ್ಮನದು. ಎರಡರಲ್ಲೂ ಟೋಕನ್. "ಅಮ್ಮನ ಮೊಬೈಲಿನದ್ದು ಯಾರಿಗೆ?" ಎಂದೆ.

ಹುಡುಗ ಸ್ವಲ್ಪ ತಡೆದು, "ಅದೂ ಅಜ್ಜನಿಗೇ, ಮಾಷ್ಟ್ರಜ್ಜ" ಎಂದ.

ಆ ಸಂಜೆ ಮಾಸ್ಕ್ ಕಟ್ಟಿಕೊಂಡು ಅವರ ಜಗುಲಿಗೆ ಹೋದೆ. ಆ ಅಜ್ಜನೂ ನಾನೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. "ನಿನಗೆ ಟೋಕನ್ ಒಂದೋ ಎರಡೋ?" ಎಂದು ಕೇಳಿದೆ. ಅವನ ಮುಖ ಕೆಂಪೇರಿತು.

"ನನ್ನ ಮನೆಯ ಲೆಕ್ಕ ಕೇಳಲಿಕ್ಕೆ ನೀನು ಯಾರು?"

ಆ ಪ್ರಶ್ನೆಗೆ ತೋರಿಸಲು ನನ್ನ ಕಿಸೆಯಲ್ಲಿ ಯಾವ ಚೀಟಿಯೂ ಇರಲಿಲ್ಲ. ಹೊರಡಲೂ ಮನಸ್ಸಾಗಲಿಲ್ಲ. ಹಾಗೆಯೇ ಕುಳಿತೆ. ಬಹಳ ಹೊತ್ತಿನ ಮೇಲೆ ಅವನು ಒಳಗೆ ತಿರುಗಿ ಮೊಮ್ಮಗನನ್ನು ಕರೆದ.