ವಿದ್ಯಾಪ್ರವೇಶವೂ ದಾಸೋಹಧರ್ಮವೂ

ಗೃಹಸ್ಥನಾದವನಿಗೆ ಮಕ್ಕಳ ವಿಷಯದಲ್ಲಿರುವ ಕರ್ತವ್ಯಗಳಲ್ಲಿ ವಿದ್ಯೆಯನ್ನು ಕೊಡಿಸುವುದು ಅತ್ಯಂತ ಹಿರಿದಾದುದು. ಅನ್ನವಸ್ತ್ರಗಳನ್ನು ಪ್ರಾಣಿಗಳೂ ತಮ್ಮ ಮರಿಗಳಿಗೆ ತಮತಮಗೆ ತಕ್ಕಂತೆ ಒದಗಿಸುತ್ತವೆ. ಅರಿವನ್ನು ಒದಗಿಸುವ ಭಾರ ಮನುಷ್ಯನದು ಮಾತ್ರ. ಆದುದರಿಂದ ಮಗನನ್ನೋ ಮಗಳನ್ನೋ ಒಳ್ಳೆಯ ಶಾಲೆಗೆ ಸೇರಿಸಬೇಕೆಂದು ತಾಯಿತಂದೆಗಳು ಹಂಬಲಿಸುವುದರಲ್ಲಿ ದೋಷವೇನೂ ಇಲ್ಲ. ದೋಷವಿದ್ದರೆ ಅದು ಹಂಬಲವನ್ನು ಈಡೇರಿಸಿಕೊಳ್ಳುವ ಮಾರ್ಗದಲ್ಲಿರಬೇಕು. ಪೈಪೋಟಿಯುಳ್ಳ ಶಾಲೆಗಳಲ್ಲಿ ಮಗುವಿಗೆ ಸ್ಥಾನ ದೊರಕಿಸಲು ಹಣ ತೆತ್ತು ಸಲಹೆಗಾರರನ್ನು ಗೊತ್ತುಮಾಡಿಕೊಳ್ಳುವ ಪದ್ಧತಿಯೊಂದು ಈಚೆಗೆ ಬೆಳೆದು ಬಂದಿದೆ. ಇದು ಶರಣಧರ್ಮಕ್ಕೆ ಒಪ್ಪುವುದೇ, ಒಪ್ಪುವುದಾದರೆ ಎಷ್ಟರ ಮಟ್ಟಿಗೆ, ಎಂಬುದು ಪ್ರಕೃತ ವಿಚಾರ.

ದೂರದ ಮಾತು ಬೇಡ. ಹಾಸನ ಜಿಲ್ಲೆಯ ಮಾವಿನಕೆರೆಯಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಗ್ರಾಮೀಣ ಪ್ರತಿಭೆಗೆ ಉತ್ತಮ ಶಿಕ್ಷಣ ದೊರೆಯಲೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ರೂಪುಗೊಂಡ ವಸತಿಶಾಲೆಗಳ ಸಾಲಿನಲ್ಲಿ ಇದೂ ಒಂದು. ಇಂತಹ ಒಂದೊಂದು ಶಾಲೆಯಲ್ಲಿ ಆರನೆಯ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳಿಗೆ ಪ್ರವೇಶ. ಅವುಗಳಲ್ಲಿ ಕನಿಷ್ಠ ಶೇಕಡಾ 75, ಎಂದರೆ 60 ಸ್ಥಾನಗಳು, ಹಳ್ಳಿಯ ಮಕ್ಕಳಿಗೆ ಮೀಸಲು. ಪ್ರವೇಶಪರೀಕ್ಷೆ ಎರಡು ಗಂಟೆಗಳದು. ಪ್ರಶ್ನೆಗಳು 80, ಅಂಕಗಳು 100. ಒಮ್ಮೆ ಬರೆದ ಮಗು ಎರಡನೆಯ ಸಲ ಬರೆಯುವಂತಿಲ್ಲ. ಸ್ಥಾನಗಳು ಅಲ್ಪ, ಆಸೆಪಡುವವರು ಅನೇಕರು. ಈ ಅಂತರದಲ್ಲಿಯೇ ತರಬೇತಿ ಕೇಂದ್ರಗಳೂ ಸಲಹೆಗಾರರೂ ಹುಟ್ಟಿಕೊಳ್ಳುತ್ತಾರೆ. ನಾಲ್ಕನೆಯ, ಐದನೆಯ ತರಗತಿಯ ಎಳೆಯ ಮಕ್ಕಳನ್ನು ತಾಯಿಯ ಮಡಿಲಿನಿಂದ ಬಿಡಿಸಿ, ತಿಂಗಳುಗಟ್ಟಲೆ ಕೋಚಿಂಗಿನಲ್ಲಿ ಇರಿಸುವುದು ಇಂದು ಕರ್ನಾಟಕದಲ್ಲಿ ಅಪರೂಪವಲ್ಲ. ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿಶಾಲೆಗಳ ಪ್ರವೇಶಪರೀಕ್ಷೆಗೂ ಇದೇ ಕ್ರಮ. ಬೆಂಗಳೂರಿನಂತಹ ನಗರಗಳಲ್ಲಿಯಂತೂ ಯಾವ ಶಾಲೆಗೆ ಅರ್ಜಿ ಹಾಕಬೇಕು, ಸಂದರ್ಶನದಲ್ಲಿ ತಂದೆತಾಯಿ ಏನು ಉತ್ತರ ಕೊಡಬೇಕು, ಎಂಬುದನ್ನು ಕಲಿಸಿಕೊಡುವವರು ಉಂಟು. ಹೊರದೇಶದ ವಿಶ್ವವಿದ್ಯಾಲಯಗಳಿಗೆ ಮಗುವಿನ ಪರವಾಗಿ ಪ್ರಬಂಧವನ್ನು ತಿದ್ದಿ ತೀಡಿ ಕೊಡುವ ಕನ್ಸಲ್ಟೆಂಟರೂ ಉಂಟು.

ಈ ಪದ್ಧತಿಯ ಪರವಾಗಿ ಹೇಳತಕ್ಕ ಮಾತುಗಳನ್ನು ಮೊದಲು ಆಲಿಸುವುದು ನ್ಯಾಯ. ಕಣ್ಣು ಕಾಣದವನು ದಾರಿ ಬಲ್ಲವನ ಕೈ ಹಿಡಿಯುವುದು ಸಹಜವಷ್ಟೆ. ಅರಕಲಗೂಡಿನ ಒಬ್ಬ ರೈತನಿಗೆ ಹೊಲದ ತೇವ ತಿಳಿದಿರಬಹುದು, ಆನ್‌ಲೈನ್ ಅರ್ಜಿಯ ನಿಬಂಧನೆಗಳು ತಿಳಿದಿರಲಾರವು. ಜಾತಿ, ಆದಾಯ, ವ್ಯಾಸಂಗ ಪ್ರಮಾಣಪತ್ರಗಳಲ್ಲಿ ಒಂದು ಅಕ್ಷರ ತಪ್ಪಿದರೂ ಮಗುವಿನ ಅವಕಾಶ ಕೈತಪ್ಪುವ ಭಯ. ವಿದ್ಯಾವಂತ ತಂದೆ ತನ್ನ ಮಗುವಿಗೆ ಪುಕ್ಕಟೆಯಾಗಿ ಕೊಡುವ ತಿಳಿವಳಿಕೆಯನ್ನೇ ಅವಿದ್ಯಾವಂತ ತಂದೆ ಹಣ ಕೊಟ್ಟು ಪಡೆದರೆ ಅದನ್ನು ಅಧರ್ಮವೆನ್ನುವುದು ಹೇಗೆ? ಮೇಲಾಗಿ, ಸಲಹೆಗಾರನೂ ದುಡಿಯುವವನೇ. ದುಡಿಮೆಗೆ ಪ್ರತಿಫಲ ಪಡೆಯುವುದನ್ನು ಶರಣರು ಎಂದೂ ನಿಂದಿಸಿದವರಲ್ಲ. ಈ ವಾದದಲ್ಲಿ ಸತ್ಯಾಂಶವಿದೆ. ಅದನ್ನು ಅಲ್ಲಗಳೆಯುವವನು ಬಡವನ ಕಷ್ಟವನ್ನು ಅರಿಯದವನು.

ಆದರೆ ಸಲಹೆಯೆಂಬ ಒಂದೇ ಹೆಸರಿನಡಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತಿವೆಯೆಂಬುದನ್ನು ವಿವೇಕಿಗಳು ಗಮನಿಸಬೇಕು. ಮೊದಲನೆಯದು ತಿಳಿವು. ಗಣಿತದ ಒಂದು ಲೆಕ್ಕವನ್ನು ಒಬ್ಬ ಹುಡುಗನಿಗೆ ಕಲಿಸಿದರೆ ಇನ್ನೊಬ್ಬನಿಗೆ ಅದು ಕಡಿಮೆಯಾಗುವುದಿಲ್ಲ. ಅರ್ಜಿ ತುಂಬುವ ಕ್ರಮವನ್ನು ಒಂದು ಮನೆಗೆ ಹೇಳಿದರೆ ನೆರೆಮನೆಯವರ ಬಾಯಿಗೆ ಮಣ್ಣು ಬೀಳುವುದಿಲ್ಲ. ದೀಪದಿಂದ ದೀಪ ಹೊತ್ತಿಸಿದಂತೆ ಅದು. ಎರಡನೆಯದು ಸ್ಥಾನ. ಎಂಬತ್ತರಲ್ಲಿ ಒಂದನ್ನು ಒಬ್ಬನು ಪಡೆದರೆ ಉಳಿಯುವುದು ಎಪ್ಪತ್ತೊಂಬತ್ತೇ. ತಿಳಿವನ್ನು ಕೊಡುವ ನೆಪದಲ್ಲಿ ಸಾಲಿನಲ್ಲಿ ನಿಂತವರನ್ನು ಹಿಂದೆ ತಳ್ಳುವ ಉಪಾಯವನ್ನು ಮಾರುವಾಗ ಅದು ಸಲಹೆಯಾಗಿ ಉಳಿಯುವುದಿಲ್ಲ.

ಇವೆರಡನ್ನೂ ಬೇರ್ಪಡಿಸಿ ಅರಿಯಲು ಗೃಹಸ್ಥನಿಗೆ ಒಂದು ಸುಲಭವಾದ ಒರೆಗಲ್ಲು ಉಂಟು. ಹಣ ಕೊಟ್ಟು ಪಡೆದ ಸಲಹೆಯನ್ನು ಮನೆಗೆ ಬಂದ ಮೇಲೆ ನೆರೆಮನೆಯ ಮಗುವಿಗೂ ಸಂತೋಷದಿಂದ ಹೇಳಿಕೊಡಲು ಮನಸ್ಸು ಒಪ್ಪುವುದೇ? ಒಪ್ಪಿದರೆ ಅದು ವಿದ್ಯೆ. ಹಂಚಿದಷ್ಟೂ ಪ್ರಸಾದವಾಗುವ ವಸ್ತು. ನೆರೆಯವನಿಗೆ ತಿಳಿದರೆ ತನ್ನ ಹಣ ವ್ಯರ್ಥವಾಯಿತೆಂದು ಎದೆ ಕುಗ್ಗಿದರೆ, ಕೊಂಡದ್ದು ವಿದ್ಯೆಯಲ್ಲವೆಂದು ತಿಳಿಯಬೇಕು. ಕೊಂಡದ್ದು ನೆರೆಯವನ ಅಜ್ಞಾನವನ್ನು. ಪರರು ಅರಿಯದಿರುವುದರಿಂದಲೇ ಬೆಲೆಯುಳ್ಳ ವಸ್ತು ದಾಸೋಹಕ್ಕೆ ಸಲ್ಲುವುದಿಲ್ಲ. ದಾಸೋಹಕ್ಕೆ ಸಲ್ಲದ ಗಳಿಕೆಯನ್ನು ಶರಣರು ಕಾಯಕವೆಂದು ಒಪ್ಪಲಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಭಕ್ತರಿಗೆಲ್ಲ ಚಿರಪರಿಚಿತವಾದುದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ. ನೆಲದ ಮೇಲೆ ಬಿದ್ದದ್ದು. ಆದರೂ ತಮ್ಮ ಅಂದಂದಿನ ಅಗತ್ಯವನ್ನು ಮೀರಿದ ಭಾಗದಲ್ಲಿ ಆಸೆಯ ವಾಸನೆಯಿದೆಯೆಂದು ಆ ತಾಯಿ ಅರಿತಳು. ತನ್ನ ಮನೆಯವರ ಮೇಲಿನ ಪ್ರೀತಿಗೂ ಪರರ ಪಾಲಿಗೂ ನಡುವಣ ಗೆರೆಯನ್ನು ಬಡತನದಲ್ಲಿಯೂ ಕಂಡ ಆಕೆಯ ಕಣ್ಣು ಇಂದಿನ ತಂದೆತಾಯಿಗಳಿಗೆ ಬೇಕಾಗಿದೆ.

ಆ ಕಣ್ಣಿನಿಂದ ಮತ್ತೆ ನವೋದಯದ ಸ್ಥಾನಗಳನ್ನು ನೋಡಬೇಕು. ಹಳ್ಳಿಯ ಮೀಸಲಾತಿಯಲ್ಲಿ ಅರ್ಜಿ ಹಾಕುವ ಮಗು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿಯೇ ಓದಿರಬೇಕೆಂಬುದು ನಿಯಮ. ಹಾಜರಿಪುಸ್ತಕದಲ್ಲಿ ಹೆಸರು ಹಳ್ಳಿಯದು, ಮಗುವಿನ ದೇಹ ಮಾತ್ರ ಪಟ್ಟಣದ ಕೋಚಿಂಗಿನಲ್ಲಿ, ಎಂಬ ಉಪಾಯವನ್ನು ಯಾವನಾದರೂ ಸಲಹೆಗಾರನು ಹೇಳಿಕೊಟ್ಟರೆ, ಅವನು ಮಾರುತ್ತಿರುವುದು ಹೊಳೆನರಸೀಪುರ ಸೀಮೆಯ ಯಾವುದೋ ಹಳ್ಳಿಯ ಕೂಲಿಯವನ ಮಗಳ ಪಾಲನ್ನು. ಆ ಮಗುವಿನ ಹೆಸರು ಕೊಳ್ಳುವವನಿಗೆ ಗೊತ್ತಿಲ್ಲ, ಮುಖವನ್ನು ಅವನು ಕಂಡಿಲ್ಲ. ಕಾಣದಿರುವುದರಿಂದಲೇ ಪಾಪ ಹಗುರವಾಗಿ ತೋರುತ್ತದೆ, ಹಗುರವಾಗುವುದಿಲ್ಲ.

ಈ ದಾರಿ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಅಮೆರಿಕದ ದೃಷ್ಟಾಂತವೊಂದು ಲೋಕಪ್ರಸಿದ್ಧವಾಗಿದೆ. ಕ್ಯಾಲಿಫೋರ್ನಿಯಾದ ರಿಕ್ ಸಿಂಗರ್ ಎಂಬ ಪ್ರವೇಶ ಸಲಹೆಗಾರನು ಧನಿಕರಿಂದ ಕೋಟ್ಯಂತರ ಹಣ ಪಡೆದು, ಅವರ ಮಕ್ಕಳ ಪರೀಕ್ಷಾ ಉತ್ತರಗಳನ್ನು ತಿದ್ದಿಸಿ, ಆಟವಾಡದವರನ್ನು ಆಟಗಾರರೆಂದು ತೋರಿಸಿ, ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಸ್ಥಾನ ಕೊಡಿಸುತ್ತಿದ್ದನು. 2019ರ ಮಾರ್ಚ್ ತಿಂಗಳಲ್ಲಿ ಇದು ಬಯಲಾಯಿತು. 50ಕ್ಕೂ ಹೆಚ್ಚು ಮಂದಿಯ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟವು. 2023ರ ಜನವರಿಯಲ್ಲಿ ಅವನಿಗೆ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು. ಇದರಲ್ಲಿ ಮನಸ್ಸನ್ನು ಕಲಕುವ ಸಂಗತಿ ಮತ್ತೊಂದಿದೆ. ಹಲವು ಮಕ್ಕಳಿಗೆ ತಮ್ಮ ಪರವಾಗಿ ನಡೆದ ಮೋಸ ತಿಳಿದೇ ಇರಲಿಲ್ಲ. ತಮ್ಮ ಯೋಗ್ಯತೆಯಿಂದಲೇ ಗೆದ್ದೆವೆಂದು ನಂಬಿದ್ದ ಮಕ್ಕಳಿಗೆ, ಹೆತ್ತವರಿಗೇ ತಮ್ಮ ಯೋಗ್ಯತೆಯಲ್ಲಿ ನಂಬಿಕೆಯಿರಲಿಲ್ಲವೆಂಬ ಸತ್ಯವು ಜಗತ್ತಿನೆದುರಿಗೆ ತಿಳಿಯಬೇಕಾಗಿ ಬಂದಿತು. ಮಗುವಿಗೆ ಇದಕ್ಕಿಂತ ದೊಡ್ಡ ಅಪಮಾನ ಯಾವುದು?

ನಮ್ಮ ನಾಡಿನಲ್ಲಿಯೂ ವಿದ್ಯೆಯ ಕ್ರಯವಿಕ್ರಯವನ್ನು ತಡೆಯುವ ಶಾಸನಗಳಿವೆ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1984ರಲ್ಲಿಯೇ ಬಂದಿತು. ಕರ್ನಾಟಕದ ಪ್ರಕರಣವೊಂದರಲ್ಲಿ, ಮೋಹಿನಿ ಜೈನ್ ಮೊಕದ್ದಮೆಯೆಂದು ಪ್ರಸಿದ್ಧವಾದುದರಲ್ಲಿ, ಅಂತಹ ವಸೂಲಿಯು ಶಿಕ್ಷಣದ ಹಕ್ಕಿಗೆ ವಿರುದ್ಧವೆಂದು 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಪ್ರಕರಣವು ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿ, ಮೊದಲ ತಪ್ಪಿಗೆ 25,000 ರೂಪಾಯಿ, ಅನಂತರದ ಪ್ರತಿಯೊಂದು ತಪ್ಪಿಗೆ 50,000 ರೂಪಾಯಿಗಳವರೆಗೆ ದಂಡವನ್ನು ವಿಧಿಸುತ್ತದೆ. ನವೋದಯದಂತಹ ವಿಶೇಷ ಶಾಲೆಗಳ ಪರೀಕ್ಷೆಯ ಮಾತು ಬೇರೆ. ಇರಲಿ, ಕಾನೂನು ಕೈಯನ್ನು ಹಿಡಿದೀತು, ಮನಸ್ಸನ್ನು ಹಿಡಿಯಲಾರದು. ಪಡೆಯುವವನಿಗೆ ದಂಡ ಹಾಕಿದರೂ ಕೊಡಲು ತುದಿಗಾಲಿನಲ್ಲಿ ನಿಂತವನ ಆಸೆಗೆ ದಂಡವೆಲ್ಲಿಯದು? ಅಲ್ಲಿಂದ ಮುಂದಿನ ಕೆಲಸ ಧರ್ಮದ್ದು.

ಮಗುವಿನ ಬೆಲೆ ಯಾವುದರಿಂದ ಎಂಬ ಮೂಲ ಪ್ರಶ್ನೆಗೆ ವೀರಶೈವ ಸಂಪ್ರದಾಯವು ಬಹುಹಿಂದೆಯೇ ಉತ್ತರ ಕೊಟ್ಟಿದೆ. ಶಿಶುವಿಗೆ ಲಿಂಗಧಾರಣೆ ಮಾಡಿಸುವಾಗ ಗುರುವು ಅದರ ಬುದ್ಧಿಯನ್ನು ಅಳೆಯುವುದಿಲ್ಲ, ತಂದೆಯ ಆದಾಯವನ್ನು ಕೇಳುವುದಿಲ್ಲ, ಗಂಡೋ ಹೆಣ್ಣೋ ಎಂದು ಎಣಿಸುವುದಿಲ್ಲ. ಅಕ್ಷರವೊಂದನ್ನೂ ಅರಿಯದ ಕೂಸಿನ ಎದೆಯ ಮೇಲೆ ಇಷ್ಟಲಿಂಗವು ನೆಲೆಸುತ್ತದೆ. ಹುಟ್ಟುತ್ತಲೇ ಶಿವನ ಸಾನ್ನಿಧ್ಯಕ್ಕೆ ಪ್ರವೇಶ ಪಡೆದ ಮಗುವನ್ನು, ಹತ್ತು ವರ್ಷ ತುಂಬುವಷ್ಟರಲ್ಲಿ ಒಂದು ಪರೀಕ್ಷೆಯ ಫಲಿತಾಂಶದಿಂದ ಯೋಗ್ಯ, ಅಯೋಗ್ಯವೆಂದು ತಂದೆತಾಯಿಗಳೇ ವಿಂಗಡಿಸುವುದು ಎಷ್ಟು ವಿಪರೀತ! ಅರಿವನ್ನೇ ಗುರುವೆಂದು ಬಗೆದ ಶರಣರ ಸಂತತಿಗೆ ಶಾಲೆಯ ಹೆಸರು ಅರಿವಿಗಿಂತ ದೊಡ್ಡದಾಗಬಾರದು.

ಈ ಸತ್ಯವನ್ನು ಸಾರುವ ನೆರೆಧರ್ಮದ ಕಥೆಯೊಂದು ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ಎಲ್ಲರಿಗೂ ಗೊತ್ತು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿಗಳ ಎತ್ತರದಲ್ಲಿ ನಿಂತ ಗೊಮ್ಮಟನನ್ನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಡಿಸಿದವನು ಗಂಗರ ಮಂತ್ರಿಯೂ ಸೇನಾಪತಿಯೂ ಆದ ಚಾವುಂಡರಾಯ. ಆತನು ಅಭಿಷೇಕಕ್ಕೆಂದು ತರಿಸಿದ ಹಾಲಿನ ರಾಶಿ ಮೂರ್ತಿಯನ್ನು ಪೂರ್ತಿಯಾಗಿ ತೋಯಿಸಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯಲ್ಲಿ ತಂದ ಹಾಲು ಮುಡಿಯಿಂದ ಅಡಿಯವರೆಗೂ ಹರಿಯಿತು, ಎಂದು ಐತಿಹ್ಯ. ಆ ಗುಳ್ಳಕಾಯಜ್ಜಿಯ ಶಿಲಾಮೂರ್ತಿ ಇಂದಿಗೂ ಗೊಮ್ಮಟನೆದುರಿಗೆ ಇದೆ. ಮಂತ್ರಿಯ ಭಕ್ತಿ ಸುಳ್ಳೆಂದು ಕಥೆಯ ತಾತ್ಪರ್ಯವಲ್ಲ. ಎಲ್ಲವನ್ನೂ ಸಾಧಿಸಬಲ್ಲೆನೆಂಬ ಗರ್ವದೊಡನೆ ಸುರಿದದ್ದು ಅರ್ಧದಲ್ಲಿಯೇ ನಿಲ್ಲುವುದೆಂದು ತಾತ್ಪರ್ಯ. ಗೊಮ್ಮಟನಾದರೂ ಯಾರು? ಅಣ್ಣ ಭರತನೊಡನೆ ಹೋರಾಡಿ ಗೆದ್ದು, ಗೆದ್ದ ರಾಜ್ಯವನ್ನು ಬಿಟ್ಟು ನಡೆದ ಬಾಹುಬಲಿ. ಗೆಲುವೇ ಪರಮಪ್ರಯೋಜನವಲ್ಲವೆಂಬುದನ್ನು ಈ ಬೆಟ್ಟದ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ಬೇರೆ ಪುಸ್ತಕದಿಂದ ಕಲಿಸಬೇಕಾಗಿಲ್ಲ.

ಇನ್ನು ಸಮಾಜದ ಕರ್ತವ್ಯವೇನೆಂಬುದು ಉಳಿಯುತ್ತದೆ. ವಿದ್ಯೆಯನ್ನು ದಾಸೋಹವಾಗಿ ನಡೆಸಿದ ಪರಂಪರೆ ಈ ಸಮಾಜಕ್ಕೆ ಹೊಸದಲ್ಲ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿಮತಗಳನ್ನೆಣಿಸದೆ ಸಾವಿರಾರು ಬಡಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಕೊಟ್ಟರು. ಅಲ್ಲಿಗೆ ಮಗುವನ್ನು ಕರೆತಂದ ತಾಯಿಗೆ ಬೇಕಾಗಿದ್ದುದು ಸಲಹೆಗಾರನಲ್ಲ, ಹಸಿವು ಮತ್ತು ನಂಬಿಕೆ.

ಇದನ್ನು ಹೊಗಳುವ ಬಾಯಿಂದಲೇ ಒಂದು ಕಹಿಮಾತನ್ನೂ ಹೇಳಬೇಕು. ಇಂದು ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಶಾಲಾಕಾಲೇಜುಗಳಿಗೂ ಪೈಪೋಟಿಯಿದೆ. ಅಲ್ಲಿ ಸ್ಥಾನ ಬೇಕಾದಾಗ ಭಕ್ತರು ಸ್ವಾಮಿಗಳಿಂದ ಶಿಫಾರಸಿನ ಪತ್ರ ಕೇಳುವುದುಂಟು. ಹಣ ತೆತ್ತು ದಲ್ಲಾಳಿಯನ್ನು ಹಿಡಿಯುವುದು ತಪ್ಪೆನ್ನುವವರು ಪಾದಪೂಜೆಯ ಸಲುಗೆಯಿಂದ ಪತ್ರ ಪಡೆಯುವುದನ್ನು ತಪ್ಪೆಂದು ಎಣಿಸುವುದಿಲ್ಲ. ಶುಲ್ಕವಿಲ್ಲವೆಂಬುದೊಂದನ್ನು ಬಿಟ್ಟರೆ ಎರಡಕ್ಕೂ ಭೇದವೇನು? ಪತ್ರ ಪಡೆಯಲಾರದ ಮಗುವಿನ ಸ್ಥಾನ ಎರಡರಲ್ಲಿಯೂ ಹೋಗುತ್ತದೆ. ಕರುಣೆಯಿಂದ ಬರೆದ ಪತ್ರವಾದರೂ ಅದು ಗತಿಯಿಲ್ಲದವನ ಕೈಗೆ ಮೊದಲು ಸೇರಬೇಕು.

ಆದುದರಿಂದ ಮಾಡತಕ್ಕದ್ದು ಕಠಿಣವೇನೂ ಅಲ್ಲ. ಅರ್ಜಿಯ ಕಾಲ ಬಂದಾಗ ಊರೂರಿನ ಮಠದಲ್ಲಿಯೋ ಸಮುದಾಯಭವನದಲ್ಲಿಯೋ ವಾರಕ್ಕೊಂದು ಸಂಜೆ ವಿದ್ಯಾವಂತ ಭಕ್ತರು ಕುಳಿತುಕೊಳ್ಳಲಿ. ನಿವೃತ್ತ ಉಪಾಧ್ಯಾಯರು ಲೆಕ್ಕ ಹೇಳಿಕೊಡಲಿ. ಕಂಪ್ಯೂಟರು ಬಲ್ಲ ತರುಣರು ಅರ್ಜಿಗಳನ್ನು ತುಂಬಿಕೊಡಲಿ. ಈ ಮೊದಲು ಪರೀಕ್ಷೆ ಬರೆದ ಮಕ್ಕಳು ತಮ್ಮ ಹಳೆಯ ಪುಸ್ತಕಗಳನ್ನು ತಂದಿಡಲಿ. ಬಂದ ಮಗು ಯಾವ ಕುಲದ್ದು, ಯಾವ ಮತದ್ದು, ಎಂದು ಯಾರೂ ಕೇಳದಿರಲಿ. ಮನೆಯಲ್ಲಿ ತಾಯಿತಂದೆಗಳು ಪ್ರಯತ್ನದ ಹಿಂದಿನ ದಿನವೂ ಫಲಿತಾಂಶದ ಮರುದಿನವೂ ಮಗುವಿಗೆ ಒಂದೇ ಮುಖವನ್ನು ತೋರಲಿ. ಹೀಗಾದಲ್ಲಿ ರಹಸ್ಯವನ್ನು ಮಾರುವವನಿಗೆ ಮಾರಲು ರಹಸ್ಯವೇ ಉಳಿಯದು. ಎಂಬತ್ತು ಸ್ಥಾನಗಳು ಎಂಬತ್ತಾಗಿಯೇ ಇರುವುವು. ಕೆಲವು ಮಕ್ಕಳಿಗೆ ದೊರೆಯುವುವು, ಬಹುಮಂದಿಗೆ ದೊರೆಯವು. ಆದರೆ ದೊರೆಯದ ಮಗುವೂ ಕಲಿತ ಲೆಕ್ಕವನ್ನು ಮನೆಗೆ ಕೊಂಡೊಯ್ಯುವುದು, ದೊರೆತ ಮಗುವು ಯಾರ ಪಾಲನ್ನೂ ಹೊತ್ತುಕೊಂಡು ಹೋಗದಿರುವುದು.